ಬುರುಡೆಗೆ ಬಳಿದ ಕಪ್ಪು ಬಣ್ಣ

"ಮರಿಗಳು ಕೆಳಗೆ ಹಾರ್ಕೊಂಡ್ಬಿಟ್ವು ಪೊಕ್ನಿ! ಬಿದ್ದಿದ್ದಲ್ಲ, ತಾವೇ ಹಾರ್ಕೊಂಡ್ವು. ಕಣ್ಣಾರೆ ನೋಡ್ದೆ!"

ನಾನು ಅಂಗಳದಿಂದ್ಲೇ ಕೂಗ್ದೆ. ಪೊಕ್ನಿ ಅಂದ್ರೆ ನಮ್ಮ ಚೋಕ್ಟಾ ಮಾತಲ್ಲಿ ಅಜ್ಜಿ. ಒಳಗೆ ಹಂದಿಮಾಂಸ ಹಾಕಿ ಮೆಕ್ಕೆಜೋಳ ಬೇಯಿಸ್ತಿದ್ದೋಳು ಸೌಟು ಹಿಡ್ಕೊಂಡೇ ಓಡಿ ಬಂದ್ಲು.

"ರೆಕ್ಕೆ ಬಲಿತಿದ್ಯಾ?"

"ಎಲ್ಲಿ ಬಲಿತಿದೆ? ಅರ್ಧ ಗರಿ ಇನ್ನೂ ಕಡ್ಡಿ ಥರ ಇದೆ."

ಕಂಬದ ಬುಡದಲ್ಲಿ, ಹುಲ್ಲಿನ ಮೇಲೆ ಮೂರು ಮಾರ್ಟಿನ್ ಹಕ್ಕಿ ಮರಿ. ಬಾಯಿ ಕಳ್ಕೊಂಡು ಏದುಸಿರು ಬಿಡ್ತಿದ್ವು. ಮೇಲೆ ಕಂಬದ ತೋಳುಗಳಿಗೆ, ಹಕ್ಕಿ ಗೂಡು ಕಟ್ಲಿ ಅಂತ ತೂಗಿಸಿದ ಹನ್ನೆರಡು ಪ್ಲಾಸ್ಟಿಕ್ ಸೋರೆಬುರುಡೆ ನೇತಾಡ್ತಿದ್ವು. ಎಲ್ಲಾ ಕಪ್ಪು. ಜೂನ್ ಕೊನೆ, ಮಿಸಿಸಿಪ್ಪಿ ಬಿಸಿಲು, ಮಧ್ಯಾಹ್ನ. ಒಂದೆಲೆ ಅಲ್ಲಾಡ್ತಿರ್ಲಿಲ್ಲ.

ಡೆಲ್ವಿನ್ ಮಾಮ ಕಣ್ಣುಜ್ಜಿಕೊಂಡು ಜಗಲಿಗೆ ಬಂದ. ಬೆಳಿಗ್ಗೆ ಕೋಲುಚೆಂಡು ಅಭ್ಯಾಸ ಮುಗಿಸಿ ಮಲಗಿದ್ದೋನು, ಅದೇ ಕಪ್ಪು ಜರ್ಸಿ ಹಾಕ್ಕೊಂಡಿದ್ದ.

"ಗಿಡುಗ ಬಂದಿರುತ್ತೆ. ಹೆದ್ರಿ ಹಾರಿವೆ."

"ಗಿಡುಗ ಬಂದಿದ್ರೆ ದೊಡ್ಡವು ಸುಮ್ನಿರ್ತಿದ್ವಾ?" ಅಂದ್ಲು ಪೊಕ್ನಿ. "ಊರಿಗೆಲ್ಲ ಕೇಳೋ ಹಾಗೆ ಅರಚ್ತಿದ್ವು. ಕೋಳಿ ಸಾಕಿದ ನನಗೆ ಗಿಡುಗದ ಪಾಠ ಹೇಳ್ತೀಯಾ?"

ಬಣ್ಣದ ಕಥೆ ಇಷ್ಟು. ಕೋಲುಚೆಂಡು ನಮ್ಮ ಚೋಕ್ಟಾ ಜನರ ಹಳೇ ಆಟ, ನಮ್ಮೂರ ತಂಡಕ್ಕೆ ಡೆಲ್ವಿನ್ ಮಾಮನೇ ನಾಯಕ. ಜರ್ಸಿ ಕಪ್ಪು. ಗಂಡು ಮಾರ್ಟಿನ್ನೂ ದೂರದಿಂದ ನೋಡಿದ್ರೆ ಕಪ್ಪೇ. ಜೊತೆಗೆ, ತನಗಿಂತ ಎಷ್ಟೋ ಪಟ್ಟು ದೊಡ್ಡ ಗಿಡುಗನ್ನ ಅಟ್ಟಿಸ್ಕೊಂಡು ಹೋಗೋ ಹಕ್ಕಿ ಅದು. ನಮ್ಮೋರು ಹಳೇ ಕಾಲದಿಂದ ಬುರುಡೆ ಕಟ್ಟಿ ಅದನ್ನ ಕರೀತಿದ್ದಿದ್ದೇ ಅದಕ್ಕೆ. ಚಳಿಗಾಲದಲ್ಲಿ, ಹಕ್ಕಿಗಳು ಬ್ರೆಜಿಲ್‌ನಿಂದ ವಾಪಸ್ ಬರೋಕೆ ಮುಂಚೆ, ಮಾಮ ಒಂದು ಡಬ್ಬಿ ಬಣ್ಣ ತಂದು ಬಿಳಿ ಬುರುಡೆಗಳಿಗೆಲ್ಲ ಬಳಿದ. ಆಮೇಲೆ ತಂಡ ಆಡಿದ ಪಂದ್ಯಗಳನ್ನೆಲ್ಲ ಗೆದ್ದುಬಿಡ್ತು. ಅದನ್ನ ನೋಡಿ ತಂಡದ ಇನ್ನೂ ನಾಲ್ಕು ಹುಡುಗರು ತಮ್ಮ ಮನೆ ಬುರುಡೆಗಳಿಗೂ ಕಪ್ಪು ಬಳಿದ್ರು. ದೊಡ್ಡ ಪಂದ್ಯ ಮುಂದಿನ ತಿಂಗಳು.

ಅಷ್ಟರಲ್ಲಿ ಬೇಲಿ ಆಚೆಯಿಂದ ವರ್ನೀಸ್ ಆಂಟಿ ಬಂದ್ರು. ಅವರಂಗಳದಲ್ಲೂ ಒಂದು ಕಂಬ ಇದೆ. ಅದರ ತುಂಬಾ ಮಾರ್ಟಿನ್ ಇವೆ. ಆಂಟಿ ಬಾಯಿ ಜೋರು, ಮನಸ್ಸು ಮೆತ್ತಗೆ. ಮೊದ್ಲು ಮರಿಗಳನ್ನ ಒಂದೊಂದಾಗಿ ಎತ್ತಿ ತೊಟ್ಟಿಕ್ಕೋ ನಲ್ಲಿ ಪಕ್ಕದ ನೆರಳಿಗೆ, ಒಂದು ಬುಟ್ಟಿಗೆ ಹಾಕಿದ್ರು.

"ಅಯ್ಯೋ, ಮುಟ್ಬೇಡಿ ಆಂಟಿ!" ಮಾಮ ಓಡಿ ಬಂದ. "ಮನುಷ್ಯರ ವಾಸನೆ ಬಂದ್ರೆ ತಾಯಿ ಹತ್ರ ಸೇರಿಸಲ್ಲ."

"ಇಪ್ಪತ್ತು ವರ್ಷದಿಂದ ಮುಟ್ತಿದೀನಿ, ಇನ್ನೂ ಒಂದು ತಾಯಿನೂ ನನಗೆ ಸೋಪು ತಂದ್ಕೊಟ್ಟಿಲ್ಲ."

ಪೊಕ್ನಿ ನಕ್ಲು. ಮಾಮ ನಗಲಿಲ್ಲ.

"ಡೆಲ್ವಿನ್, ಬಾ ಇಲ್ಲಿ," ಅಂತ ಆಂಟಿ ಅವನನ್ನ ಅವನದೇ ಟ್ರಕ್ ಹತ್ರ ಕರ್ಕೊಂಡು ಹೋದ್ರು. ಟ್ರಕ್ಕೂ ಕಪ್ಪೇ. "ಬಾನೆಟ್ ಮೇಲೆ ಕೈಯಿಡು."

ಇಟ್ಟ. ತಕ್ಷಣ ತೆಗ್ದ.

"ಈಗ ಆ ಗ್ಯಾಸ್ ಟ್ಯಾಂಕ್ ಮೇಲಿಡು."

ಮನೆ ಪಕ್ಕದ ದೊಡ್ಡ ಟ್ಯಾಂಕು ಬಿಳಿ. ಅದೂ ಬೆಳಿಗ್ಗೆಯಿಂದ ಅದೇ ಬಿಸಿಲಲ್ಲಿತ್ತು. ಮಾಮ ಕೈ ಇಟ್ಟ, ಇಟ್ಕೊಂಡೇ ನಿಂತ.

"ಗ್ಯಾಸ್ ಕಂಪನಿಯೋರಿಗೆ ಬಿಳಿ ಬಣ್ಣ ಅಂದ್ರೆ ಅಷ್ಟು ಇಷ್ಟ ಅಂತ ಹಚ್ಚಿಲ್ಲ ಅದನ್ನ," ಅಂದ್ರು ಆಂಟಿ. "ಆ ಬಾನೆಟ್ ಒಳಗೆ ಐದು ಜನ ಒಬ್ಬರ ಮೇಲೊಬ್ರು ಕೂತ್ಕೊಂಡಿದ್ರೆ ನೀನೇನ್ ಮಾಡ್ತಿದ್ದೆ? ಹಾರ್ಕೋತಿದ್ದೆ. ಅವೂ ಅದನ್ನೇ ಮಾಡಿವೆ. ಮೇಲೆ ಇನ್ನೂ ಎಷ್ಟಿವೆಯೋ. ಕಂಬ ಇಳ್ಸು, ನೋಡೋಣ."

"ಈಗ್ಲಾ? ಹಕ್ಕಿ ಇರೋವಾಗ ಕಂಬ ಇಳಿಸ್ಬಾರ್ದು. ನಮ್ಮಜ್ಜಿ ಕಾಲದ ಮಾತು. ಇಳಿಸಿದ್ರೆ ಎಲ್ಲಾ ಬಿಟ್ಟು ಹೋಗ್ತವೆ, ಮುಂದಿನ ವರ್ಷ ಒಂದೂ ಬರಲ್ಲ. ಹೌದೋ ಅಲ್ವೋ ಅಮ್ಮ?"

ಪೊಕ್ನಿ ಕತ್ತೆತ್ತಿ ಕಂಬ ನೋಡಿದ್ಲು. ಆ ಮಾತು ಅವಳ ಅಮ್ಮಂದೇ. ಅವಳಮ್ಮನ ಕಾಲದಿಂದ ಈ ಅಂಗಳಕ್ಕೆ ಮಾರ್ಟಿನ್ ಬರದ ವರ್ಷ ಇಲ್ಲ. ಪ್ರತಿ ಫೆಬ್ರವರಿ ಅವಳು ಕಾಫಿ ಹಿಡ್ಕೊಂಡು ಜಗಲಿಯಲ್ಲಿ ಕೂತು ಮೊದಲ ಹಕ್ಕಿಗೆ ಕಾಯ್ತಾಳೆ. ಆ ಕಾಯೋದು ತಪ್ಪಿಹೋದ್ರೆ ಅನ್ನೋ ಭಯ ಮುಖದ ಮೇಲೇ ಇತ್ತು. ಇಳಿಸಿದ್ರೂ ಭಯ, ಬಿಟ್ರೂ ಭಯ.

"ಓಡೀ ಅಕ್ಕ," ಅಂತ ಆಂಟಿ ಪೊಕ್ನಿನ ಹೆಸರಿಡಿದು ಕರೆದ್ರು, ಈ ಸಲ ಮೆಲ್ಲಗೆ. "ನಿಮ್ಮಮ್ಮ ಬುರುಡೆ ಎಲ್ಲಿ ಕಟ್ತಿದ್ರು?"

"ಸತ್ತ ಪೈನ್ ಮರದ ಕೊಂಬೆಗೆ. ತೋಟದಲ್ಲಿ ಬೆಳೆದ ಸೋರೆಬುರುಡೆ."

"ಅದನ್ನ ಇಳಿಸ್ಬೇಕಂದ್ರೆ?"

ಪೊಕ್ನಿ ಸ್ವಲ್ಪ ಯೋಚಿಸಿದ್ಲು. "ಮರ ಕಡೀಬೇಕಿತ್ತು."

"ಅದಕ್ಕೇ ಇಳಿಸ್ಬೇಡಿ ಅಂದ್ರು. ಸರಿಯಾಗೇ ಅಂದ್ರು. ಈ ಕಂಬಕ್ಕೆ ರಾಟೆ ಇದೆ, ಹಗ್ಗ ಇದೆ. ಇಳಿಸೋಕೇ ಇರೋದು ಅದು."

ಪೊಕ್ನಿ ಸೌಟನ್ನ ಜಗಲಿ ಕಟ್ಟೆ ಮೇಲಿಟ್ಲು. "ಬುರುಡೆ ಒಣಗಿದ್ರೆ ಬಿಳಿಚಿಕೊಳ್ಳುತ್ತೆ. ನಮ್ಮಮ್ಮ ಕಪ್ಪು ಬಳಿದಿದ್ದು ನಾನು ನೋಡ್ಲೇ ಇಲ್ಲ. ಇಳ್ಸು ಡೆಲ್ವಿನ್."

"ಅಮ್ಮ, ಪಂದ್ಯ..."

"ಇಳ್ಸು ಅಂದೆ."

ರಾಟೆ ಕಿರುಗುಟ್ಟಿತು. ಬುರುಡೆಗಳು ನಿಧಾನಕ್ಕೆ ಎದೆ ಮಟ್ಟಕ್ಕೆ ಇಳಿದ್ವು. ದೊಡ್ಡ ಹಕ್ಕಿಗಳು ಮೇಲೆ ಸುತ್ತುತ್ತಾ ಬೈಯೋಕೆ ಶುರು ಮಾಡಿದ್ವು. ಒಳಗೆ ನೋಡೋಕೆ ಬುರುಡೆ ಪಕ್ಕದಲ್ಲಿರೋ ಮುಚ್ಚಳ ತಿರುಗಿಸಿ ತೆಗೀಬೇಕು. ಮಾಮ ತಿರುಗಿಸಿದ. ಬರ್ಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ. ಊಹೂಂ. ಬಣ್ಣ ಒಣಗಿ ಮುಚ್ಚಳಕ್ಕೂ ಬುರುಡೆಗೂ ಬೆಸುಗೆ ಹಾಕಿದಂಗೆ ಆಗಿತ್ತು.

"ಪಂದ್ಯ ಗೆಲ್ಲಿಸೋ ಕೈ ಇದೇನಾ?" ಅಂದ್ರು ಆಂಟಿ.

"ಸುಮ್ನಿರಿ ಆಂಟಿ." ಮಾಮ ಜೇಬಿನ ಚಾಕು ತೆಗೆದು ಸುತ್ತಲೂ ಗೀರಿದ. ಮುಚ್ಚಳ ಬಂತು. ಬಿಸಿ ಗಾಳಿ, ಜೊತೆಗೆ ನಾತ.

ಒಳಗೆ ಒಂದು ಮರಿ ಸತ್ತಿತ್ತು. ಎರಡು ಬದುಕಿದ್ವು, ಬಾಯಿ ತೆರೆದು. ಗೂಡು ಒದ್ದೆಮುದ್ದೆ. ಬುರುಡೆ ತಳದಲ್ಲಿ ನೀರು ಇಳಿಯೋಕೆ ಸಣ್ಣ ತೂತುಗಳಿರ್ತವೆ. ಬಣ್ಣ ಅದನ್ನೂ ಮುಚ್ಚಿತ್ತು. ಹೋದ ವಾರದ ಮಳೆ ಇನ್ನೂ ಒಳಗೇ ಇತ್ತು. ಮಾಮನ ಮುಂಗೈ ಮೇಲೆ ಕೋಳಿಹೇನಿನಂಥ ಸಣ್ಣ ಸಣ್ಣ ಹುಳ ಹತ್ತೋಕೆ ಶುರುವಾಯ್ತು. ಅವನು ಕೊಡವಲಿಲ್ಲ. ಸತ್ತ ಮರೀನ ಕೈಯಲ್ಲಿಟ್ಕೊಂಡು ನಿಂತಿದ್ದ.

"ಇದನ್ನ ನಾನು ಮಾಡ್ದೆ," ಅಂದ.

"ಹೂಂ," ಅಂದ್ರು ಆಂಟಿ. "ಈಗ ಬೇರೇದು ಮಾಡು. ಒಂದು ಮೊಳೆ ತಗೊಂಡು ತೂತು ಬಿಡ್ಸು. ಪಾಪಚ್ಚಿ, ನೀನು ಹೋಗಿ ಪೈನ್ ಮರದ ಒಣ ಎಲೆ ತಾ. ಒದ್ದೆ ಇರ್ಬಾರ್ದು."

ಪಾಪಚ್ಚಿ ಅಂದ್ರೆ ನಾನು. ಕಾಲೇಜಿಗೆ ಹೋಗ್ತೀನಿ, ಆದ್ರೂ ಆಂಟಿಗೆ ಪಾಪಚ್ಚಿನೇ.

ಒಂದೊಂದೇ ಬುರುಡೆ. ಮರಿಗಳನ್ನ ಬಕೆಟ್‌ಗೆ ಹಾಕೋದು, ಹಳೇ ಗೂಡು ತೆಗೆದು ಬಿಸಾಕೋದು, ಒಳಗೆ ಒರೆಸೋದು, ಒಣ ಎಲೆ ಹಾಕಿ ಮಧ್ಯೆ ಮುಷ್ಟಿಯಿಂದ ಒತ್ತಿ ಬಟ್ಟಲು ಮಾಡೋದು, ಮರಿಗಳನ್ನ ಅದೇ ಬುರುಡೆಗೆ ವಾಪಸ್ ಇಡೋದು. ಕೆಳಗೆ ಬಿದ್ದಿದ್ದ ಮೂರನ್ನ, ಅದೇ ವಯಸ್ಸಿನ ಮರಿಗಳಿದ್ದ ಗೂಡಿಗೆ ಸೇರಿಸಿದ್ರು. ಒಂದು ಬುರುಡೆಯಲ್ಲಿ ಮಾರ್ಟಿನ್ನೇ ಇರ್ಲಿಲ್ಲ. ಹುಲ್ಲು, ಕಸ, ಪ್ಲಾಸ್ಟಿಕ್ ಚೂರು ತುಂಬಿಸಿದ, ಸ್ಟಾರ್ಲಿಂಗ್ ಅನ್ನೋ ಬೇರೆ ಜಾತಿ ಹಕ್ಕಿಯ ಗೂಡು.

"ನೋಡು, ಇದು ಬಣ್ಣದ ತಪ್ಪಲ್ಲ, ಬಾಗಿಲಿನ ತಪ್ಪು," ಅಂದ್ರು ಆಂಟಿ. "ಗುಂಡು ಬಾಗಿಲಲ್ಲಿ ಸ್ಟಾರ್ಲಿಂಗ್ ಆರಾಮಾಗಿ ನುಗ್ಗುತ್ತೆ. ಒಳಗೆ ಹೋದ್ರೆ ಮಾರ್ಟಿನ್ ಮೊಟ್ಟೆ ಒಡೆಯುತ್ತೆ. ನನ್ನ ಬುರುಡೆ ಬಾಗಿಲು ನೋಡಿದ್ಯಲ್ಲ, ಅರ್ಧಚಂದ್ರ. ಮೂರು ಸೆಂಟಿಮೀಟರ್ ಎತ್ತರ ಅಷ್ಟೇ. ಮಾರ್ಟಿನ್ ತಗ್ಗಿ ನುಸುಳುತ್ತೆ, ಸ್ಟಾರ್ಲಿಂಗ್‌ಗೆ ಎದೆ ಅಡ್ಡ ಬರುತ್ತೆ. ಅಳತೆ ಸ್ವಲ್ಪ ಹೆಚ್ಚಾದ್ರೆ ಕಳ್ಳ ಒಳಗೆ, ಕಮ್ಮಿಯಾದ್ರೆ ಮನೆಯೋರೇ ಹೊರಗೆ."

"ನಾಳೆನೇ ಎಲ್ಲದಕ್ಕೂ ಹಾಕ್ತೀನಿ."

"ಬೇಡ! ಮರಿ ಇರೋವಾಗ ಬಾಗಿಲು ಬದಲಾಯಿಸಿದ್ರೆ ತಾಯಿಗೆ ದಾರಿ ತಿಳಿಯಲ್ಲ. ಹಕ್ಕಿ ಎಲ್ಲಾ ಹೋದ್ಮೇಲೆ ಅರ್ಧದಷ್ಟು ಬುರುಡೆಗಳಿಗೆ ಹಾಕು. ಅಭ್ಯಾಸ ಆಗ್ಲಿ. ಆಮೇಲೆ ಉಳಿದಿದ್ದಕ್ಕೆ."

"ಬಣ್ಣ?"

"ಅದೂ ಆವಾಗ್ಲೇ. ಈಗ ಬಳಿದ್ರೆ ವಾಸನೆಗೆ ಮರಿ ಸಾಯ್ತವೆ. ಆಗಸ್ಟಲ್ಲಿ ಬಿಚ್ಚಿ, ಸೋಪು ನೀರಲ್ಲಿ ತೊಳಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದ್ದು, ಮತ್ತೆ ತೊಳೆದು ಚೆನ್ನಾಗಿ ಒಣಗಿಸು. ಹೊರಗಡೆ ಮಾತ್ರ ಬಿಳಿ ಬಣ್ಣ. ಮುಚ್ಚಳಕ್ಕೆ, ತೂತಿಗೆ ತಾಗಿಸ್ಬೇಡ. ಬಿರುಕು ಬಿಟ್ಟಿದ್ದನ್ನ ಎಸಿ. ಚಳಿಗಾಲ ಪೂರ್ತಿ ಕೊಟ್ಟಿಗೆಯಲ್ಲಿಡು. ಹೊರಗೆ ಬಿಟ್ರೆ ಗುಬ್ಬಿಗಳು ಬಾಡಿಗೆ ಇಲ್ದೆ ಸೇರ್ಕೋತವೆ."

"ಮತ್ತೆ ಇವತ್ತಿನ ಬಿಸಿಲು?" ಅಂದ್ಲು ಪೊಕ್ನಿ. ಕೇಳಿದ್ದೂ ಅವಳೇ, ಉತ್ತರ ತಂದಿದ್ದೂ ಅವಳೇ. ಚರ್ಚಿನ ಊಟಕ್ಕೆ ಅಂತ ತಂದಿಟ್ಟಿದ್ದ ಬಿಳಿ ಪ್ಲಾಸ್ಟಿಕ್ ತಟ್ಟೆಗಳು. ಮಾಮ ಒಂದೊಂದರ ಮಧ್ಯೆ ತೂತು ಮಾಡಿ ಬುರುಡೆ ತೂಗಿಸೋ ತಂತಿಗೆ ಪೋಣಿಸಿದ. ಪ್ರತಿ ಬುರುಡೆ ಮೇಲೂ ಒಂದೊಂದು ಬಿಳಿ ಕೊಡೆ.

"ಇದು ಇವತ್ತಿನ ಉಪಾಯ ಅಷ್ಟೇ, ಪರಿಹಾರ ಅಲ್ಲ," ಅಂದ್ರು ಆಂಟಿ. "ಆದ್ರೂ ಅಕ್ಕ, ತಲೆ ಓಡಿಸಿದ್ರಿ." ಹಾಗೇ ಕಂಬದ ಬುಡ ನೋಡಿ ಮೂಗು ಮುರಿದ್ರು. "ಕೇರೆಹಾವು ಹತ್ತದಂಗೆ ತಗಡಿನ ಕೊಳವೆ ಹಾಕಿಲ್ಲ. ದಿನಾ ಊಟಕ್ಕೆ ಕರೀತಿದೀರಾ ಅದನ್ನ?"

"ಒಂದೇ ದಿನ ಎಷ್ಟು ಬೈತೀರಿ ಆಂಟಿ?" ಅಂದ ಮಾಮ.

ಕಂಬ ಮೇಲಕ್ಕೆ ಹೋಯ್ತು. ನಾವು ಜಗಲಿಯಲ್ಲಿ ಕೂತ್ವಿ. ಹಕ್ಕಿಗಳು ಸುತ್ತುತ್ತಾನೇ ಇದ್ವು. ಒಂದೂ ಕೂರ್ಲಿಲ್ಲ. ಪೊಕ್ನಿ ಕೈ ಮಡಿಲಲ್ಲಿ ಮಡಚ್ಕೊಂಡು ಕೂತಿದ್ಲು, ಬೆರಳು ಬಿಗಿಯಾಗಿ.

"ನಾನು ಹೇಳಿದ್ನಲ್ಲ," ಮಾಮ ಸಣ್ಣಗೆ ಗೊಣಗಿದ. ಗೆದ್ದೋನ ದನಿಯಲ್ಲ ಅದು.

ಒಂದು ಹೆಣ್ಣುಹಕ್ಕಿ ಇಳೀತು. ಕೊಕ್ಕಲ್ಲಿ ಏರೋಪ್ಲೇನ್ ಚಿಟ್ಟೆ. ತಟ್ಟೆ ನೋಡಿ ಬೆದರಿ ವಾಪಸ್ ಹೋಯ್ತು. ಒಂದು ಸುತ್ತು ಹಾಕಿ ಬಂತು. ಬುರುಡೆ ಬಾಗಿಲ ಮುಂದಿನ ಪುಟ್ಟ ಕಟ್ಟೆ ಮೇಲೆ ಕೂತು ತಲೆ ಆಕಡೆ ಈಕಡೆ ಮಾಡ್ತು. ಒಳಗೆ ಮರಿಗಳು ಕೂಗಿದ್ವು. ಹೋಯ್ತು ಒಳಗೆ.

ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು.

ಪೊಕ್ನಿ ಕಣ್ಣು ಒರೆಸ್ಕೊಂಡ್ಲು. "ಬೆವರು," ಅಂದ್ಲು. ನಾವು ಹೂಂ ಅಂದ್ವಿ.

ಮಾಮ ಎದ್ದು ಟ್ರಕ್ ಹತ್ರ ಹೋಗಿ ಫೋನ್ ಮಾಡ್ದ. ಸ್ಪೀಕರ್ ಹಾಕಿದ್ರಿಂದ ನಮಗೂ ಕೇಳಿಸ್ತು. ಆ ಕಡೆ ರಾಂಡಲ್, ತಂಡದಲ್ಲಿ ಗುರಿಕಂಬ ಕಾಯೋನು. ಅವನ ಮನೆ ಬುರುಡೆನೂ ಕಪ್ಪೇ.

"ಬಿಳಿ ಮಾಡ್ಬೇಕಾ? ದೊಡ್ಡ ಪಂದ್ಯ ಹತ್ರ ಬಂತು, ತಲೆ ಕೆಟ್ಟಿದ್ಯಾ ಡೆಲ್ವಿನ್? ಬಳಿದ್ಮೇಲೆ ಒಂದೂ ಸೋತಿಲ್ಲ ನಾವು."

"ಗೆದ್ದಿದ್ದು ನಾವು ಓಡಿದ್ದಕ್ಕೆ. ಬುರುಡೆ ಓಡ್ತಾ?"

ಮಾಮ ನಮ್ಮ ಕಂಬದ ಕಡೆ ತಿರುಗಿದ.

"ರಾಂಡಲ್, ನಿಮ್ಮನೆ ಕಂಬದ ಕೆಳಗೆ ಹೋಗಿ ನೋಡ್ಕೊಂಡು ಬಾ."

ಕಾಲ ಸಪ್ಪಳ. ಬಾಗಿಲ ಸದ್ದು. ಆಮೇಲೆ ರಾಂಡಲ್ ದನಿ, ಜೋರೆಲ್ಲ ಇಳಿದಿತ್ತು.

"ಎರಡು ಬಿದ್ದಿವೆ. ಒಂದು ಉಸಿರಾಡ್ತಿದೆ."

"ನೆರಳಿಗೆ ತಗೊಂಡು ಹೋಗು. ಕಂಬ ಇಳಿಸಿ ಕೂಡ್ಲೇ ಎಲ್ಲದರ ಮೇಲೂ ಬಿಳಿ ತಟ್ಟೆ ಕಟ್ಟು, ಬಿದ್ದಿದ್ದನ್ನ ಗೂಡಿಗೆ ಹಾಕು. ಮುಟ್ಟಿದ್ರೆ ಏನೂ ಆಗಲ್ಲ. ಮಿಕ್ಕ ಮೂವರಿಗೂ ಈಗ್ಲೇ ಫೋನ್ ಮಾಡಿ ಇದನ್ನೇ ಹೇಳ್ತೀನಿ. ಗೂಡು ಬದಲಾಯಿಸೋಕೆ ನಾಳೆ ಬೆಳಿಗ್ಗೆ ಏಳಕ್ಕೆ ಎಲ್ರೂ ನಿಮ್ಮಂಗಳಕ್ಕೆ ಬರ್ತೀವಿ. ಬಿಸಿಲೇರೋಕೆ ಮುಂಚೆ. ವರ್ನೀಸ್ ಆಂಟೀನೂ ಬರ್ತಾರೆ."

"ಬೈತಾರಾ?"

"ಬೈತಾರೆ. ಬೈಸ್ಕೋ."

ಓದ್ತಿರೋರೇ, ನಮ್ಮ ಕಡೆಯ ಮಾರ್ಟಿನ್‌ಗಳು ಮರದ ಪೊಟರೆಗೆ ಹೋಗೋದನ್ನ ಎಂದೋ ಬಿಟ್ಟಿವೆ. ಅವು ನಂಬಿ ಬರೋದು ನಾವು ಕಟ್ಟಿದ ಬುರುಡೆಗೆ. ಕಟ್ಟಿ ಮರೆತ್ರೆ ಅದು ಮನೆಯಲ್ಲ, ಒಲೆ. ನಿಮ್ಮ ಬುರುಡೆ ಕಪ್ಪೋ, ಕೆಂಪೋ, ಬಣ್ಣ ಮಾಸಿದ್ಯೋ, ಮುಚ್ಚಳ ತೆರೆಯುತ್ತೋ, ತಳದ ತೂತು ಬಿಟ್ಟಿದ್ಯೋ, ಒಮ್ಮೆ ಇಳಿಸಿ ನೋಡಿ. ಮರಿ ಇದ್ರೂ ಇಳಿಸಿ, ಬೆಳಿಗ್ಗೆ ತಂಪಲ್ಲಿ, ಮೆಲ್ಲಗೆ. ಮರಿಗಳ ರೆಕ್ಕೆ ಪೂರ್ತಿ ಬಲಿತು ಹಾರೋ ಹಂತಕ್ಕೆ ಬಂದಿದ್ರೆ ಮಾತ್ರ ಮುಚ್ಚಳ ತೆಗೀಬೇಡಿ, ಹೆದ್ರಿ ಹೊರಗೆ ಹಾರಿಬಿಡ್ತವೆ. ಒಬ್ರೇ ಬೇಡ, ಪಕ್ಕದ ಮನೆಯೋರನ್ನ ಕರೀರಿ. ಇವತ್ತು ಸಂಜೆನೇ ಬೇಲಿ ಹತ್ರ ಹೋಗಿ ಹೇಳಿಬಿಡಿ, ನಾಳೆ ಏಳಕ್ಕೆ ಬನ್ನಿ ಅಂತ.