ಎಂಟು ಅಡಿ

ಇನ್ನೊಂದು ಅಡಿ ಹಿಂದೆ ಸರಿದಿದ್ದರೆ ಮಾವನ ಬಚ್ಚಲುಮನೆ ಉರುಳುತ್ತಿತ್ತು.

"ಏಯ್, ಏಯ್! ಕಣ್ಣು ಎಲ್ಲಿಟ್ಟಿದೀಯಯ್ಯಾ?"

ಅವನು ಬ್ರೇಕು ತುಳಿದ. ಜೆಸಿಬಿ ಒಮ್ಮೆ ತೂಗಿ ನಿಂತಿತು. ಕಣ್ಣು ಎಲ್ಲಿಟ್ಟಿದ್ದನೆಂದರೆ, ಕನ್ನಡಿಯಲ್ಲಿ ಕಾಣುತ್ತಿದ್ದ ಮಾವನ ಮುಖದ ಮೇಲೆ. ಆ ಮುಖ ತನ್ನನ್ನು ಗುರುತಿಸುತ್ತದೆಯೇ ಎಂದು ನೋಡುತ್ತ ನೋಡುತ್ತ ಗೋಡೆಯನ್ನು ಮರೆತಿದ್ದ.

ಗುರುತಿಸಲಿಲ್ಲ. ತಲೆಗೂ ಮುಖಕ್ಕೂ ಸೇರಿಸಿ ಬಟ್ಟೆ ಸುತ್ತಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿದ ಮೇಲೆ ಹೆತ್ತ ತಾಯಿಯೇ ಗುರುತಿಸುವುದು ಕಷ್ಟ. ಇನ್ನು ಹೆಣ್ಣು ಕೊಟ್ಟವರ ಮಾತೆಲ್ಲಿ?

ಈ ಊರಿನ ಕೆಲಸ ಅವನದಲ್ಲ. ಮನೆಗೊಂದು ಶೌಚಾಲಯದ ಯೋಜನೆಯಲ್ಲಿ ಇಲ್ಲಿ ಗುಂಡಿ ತೋಡುತ್ತಿದ್ದವನು ಬೇರೆ. ಅವನಿಗೆ ಜ್ವರ. ನಿನ್ನೆ ಸಂಜೆ ಗುತ್ತಿಗೆದಾರ ಚೀಟಿ ಕೊಟ್ಟು ಹೇಳಿದ್ದ: "ಪಂಡಿತಾ, ನಾಳೆ ಒಂದಿನ ನೀನು ಹೋಗು. ಗುಂಡಿ ನಾಲ್ಕಡಿ. ಜನ ಇನ್ನೂ ಆಳ, ಇನ್ನೂ ಆಳ ಅಂತ ಪ್ರಾಣ ತಿಂತಾರೆ, ಕಿವಿಗೆ ಹಾಕ್ಕೋಬೇಡ." ಚೀಟಿಯಲ್ಲಿ ಊರಿನ ಹೆಸರು ಓದಿದಾಗಲೇ ಅವನಿಗೂ ಸ್ವಲ್ಪ ಜ್ವರ ಬಂದಂತಾಗಿತ್ತು. ಆದರೆ ಒಂದು ವಾರದಲ್ಲಿ ಇಬ್ಬರಿಗೆ ಜ್ವರ ಬಂದರೆ ಗುತ್ತಿಗೆದಾರ ನಂಬುವವನಲ್ಲ.

ಪಂಡಿತ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅವನು ಭಾಷೆಯಲ್ಲಿ ಎಂ.ಎ. ಎರಡು ವರ್ಷ ಕಾಲೇಜಿನಲ್ಲಿ ವ್ಯಾಕರಣ ಹೇಳಿಕೊಟ್ಟಿದ್ದ. ಮೂರನೆಯ ವರ್ಷ ವ್ಯಾಕರಣ ಕೇಳುವವರು ಯಾರೂ ಸೇರಲಿಲ್ಲ. ಆಮೇಲೆ ಆರು ವಾರದ ತರಬೇತಿಯಲ್ಲಿ ಯಂತ್ರದ ಲಿವರುಗಳನ್ನು ಕಲಿತ. ವಿಭಕ್ತಿ ಪ್ರತ್ಯಯಗಳಿಗಿಂತ ಅವು ಸುಲಭ. ಮೇಲಾಗಿ, ಅವನ್ನು ಎಳೆದರೆ ಏನಾದರೊಂದು ಅಲುಗುತ್ತಿತ್ತು.

ಸಂಬಂಧ ಕುದುರಿಸಿದ ದೂರದ ಚಿಕ್ಕಪ್ಪ "ಹುಡುಗ ಎಂ.ಎ., ಆಪರೇಟರ್" ಎಂದಿದ್ದ. ಅದರ ಮುಂದೆ 'ಕಂಪ್ಯೂಟರ್' ಎಂಬುದನ್ನು ಮಾವ ತಾವೇ ಸೇರಿಸಿಕೊಂಡರು. ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. ನಾಮಪದವನ್ನು ವಿಶೇಷಣವಿಲ್ಲದೆ ಬರಿಗೈಲಿ ಕಳಿಸಿದ್ದ, ಅಷ್ಟೆ. ವ್ಯಾಕರಣ ಬಲ್ಲವನು ತಿದ್ದಬೇಕಿತ್ತು. ತಿದ್ದಲಿಲ್ಲ. ಎರಡು ವರ್ಷವಾಯಿತು.

ಮದುವೆಯಾದ ಮೂರನೆಯ ದಿನ ಹೆಂಡತಿ ಅವನ ಉಗುರಿನ ಸಂದಿಯ ಗ್ರೀಸು ನೋಡಿ, "ನಿಮ್ಮ ಕಂಪ್ಯೂಟರು ಎಣ್ಣೆ ಸೋರತ್ತಾ?" ಎಂದು ಕೇಳಿ ಬಿದ್ದು ಬಿದ್ದು ನಕ್ಕಿದ್ದಳು. ಆಮೇಲೆ ಆ ಸುಳ್ಳಿಗೆ ಹೊತ್ತು ಹೊತ್ತಿಗೆ ಹಾಲೆರೆದು ಸಾಕಿದವಳೂ ಅವಳೇ. ಇವತ್ತು ಬೆಳಿಗ್ಗೆ ಬುತ್ತಿಯ ಡಬ್ಬಿ ಮುಚ್ಚುತ್ತ ಮಾತ್ರ ನಗಲಿಲ್ಲ.

"ನಾನು ಹೊತ್ತಿದ್ದು ಸಾಕು ರೀ. ಇವತ್ತು ನೀವೇ ಹೇಳಿ. ಅಪ್ಪ ಅವರಾಗೇ ಕಂಡುಹಿಡಿದ್ರೆ ನಿಮ್ಮ ಮುಖ ನೋಡಲ್ಲ, ನನ್ನ ಮುಖಾನೂ ನೋಡಲ್ಲ. ನಿಮ್ಮ ಬಾಯಿಂದ ಬಂದ್ರೆ ಒಂದು ಮರ್ಯಾದೆ."

"ಹೇಳ್ತೀನಿ."

ಹೇಳಲು ಹೊರಟವನು ಮುಖಕ್ಕೆ ಬಟ್ಟೆ ಯಾಕೆ ಕಟ್ಟಿಕೊಂಡ ಎಂಬುದು ಬೇರೆಯೇ ಪ್ರಶ್ನೆ. ಧೂಳು ಎಂಬುದು ಅದಕ್ಕೆ ಸಿದ್ಧ ಉತ್ತರ.

ಹಿತ್ತಿಲಲ್ಲಿ ಸುಣ್ಣದ ಗೆರೆ ಎಳೆದಿತ್ತು. ಅವನು ಬಕೆಟ್ಟನ್ನು ಇಳಿಸಿದ. ಮೇಲ್ಮಣ್ಣು ಮೆತ್ತಗೆ ಬಂತು. ಮೂರಡಿ ದಾಟಿದಾಗ ಅತ್ತೆ ಚಹಾದ ಲೋಟ ಹಿಡಿದು ಬಂದರು.

"ಬಟ್ಟೆ ತೆಗೆದು ಕುಡಿಯಪ್ಪ. ಬೆವರು ಸುರೀತಿದೆ ಪಾಪ."

"ಇರ್ಲಿ ಅಮ್ಮಾ, ಆಮೇಲೆ." ಗಂಟಲನ್ನು ಆದಷ್ಟು ಒರಟು ಮಾಡಿಕೊಂಡಿದ್ದ.

ಅತ್ತೆ ಲೋಟವನ್ನು ಚಕ್ರದ ಮೇಲಿಟ್ಟರು. ಹೋಗಲಿಲ್ಲ. "ಮದುವೆ ಆಗಿದೆಯಾ?"

"ಆಗಿದೆ."

"ಗುಂಡಿ ತೋಡೋನು ಅಂತ ಗೊತ್ತಿದ್ದೂ ಕೊಟ್ರಾ?"

"ಕೊಟ್ಟಮೇಲೆ ಗೊತ್ತಾಯ್ತು."

"ಅಯ್ಯೋ! ಏನಂದ್ರು?"

"ಇನ್ನೂ ಏನೂ ಅಂದಿಲ್ಲ."

"ಒಳ್ಳೇ ಜನ ಬಿಡು," ಎಂದರು ಅತ್ತೆ. "ನಮ್ಮ ಅಳಿಯಂದ್ರು ತಣ್ಣಗೆ ಎಸಿಯಲ್ಲಿ ಕೂತು ಕೆಲಸ ಮಾಡ್ತಾರೆ. ಬೆವರು ಅಂದ್ರೇನು ಅಂತಾನೇ ಗೊತ್ತಿಲ್ಲ ಅವರಿಗೆ."

ಆ ಅಳಿಯನ ಮೇಲೆ ಅವನಿಗೆ ಮೊದಲ ಸಲ ಸಣ್ಣದೊಂದು ಅಸೂಯೆ ಹುಟ್ಟಿತು.

ನಾಲ್ಕಡಿಗೆ ಬಕೆಟ್ಟು ಎತ್ತಿದ. ಮಾವ ಅಂಚಿಗೆ ಬಂದು ಇಣುಕಿದರು. "ಇದೇನಿದು? ಕೋಳಿ ಹೂಳೋಕಾ? ಎಂಟಡಿ ತೆಗಿ."

"ನಾಲ್ಕೇ ಸಾರ್. ಆಳ ಹೋದ್ರೆ ಹೊಲಸು ಕೆಳಗಿನ ನೀರಿಗೆ ಸೇರತ್ತೆ. ಬಾವಿಗೂ ಬರತ್ತೆ."

"ನೀನೇನು ಇಂಜಿನಿಯರ್ರಾ?"

"ಅಲ್ಲ ಸಾರ್."

"ಮತ್ತೆ? ಮೂರು ತಲೆಮಾರು ತುಂಬಬಾರದು ನೋಡು, ಹಾಗಿರಬೇಕು. ಇರು, ಓದಿದೋರನ್ನೇ ಕೇಳಿಬಿಡೋಣ." ಮಾವ ಜೇಬಿನಿಂದ ಫೋನು ತೆಗೆದು ಗೋಡೆಯ ಮರೆಗೆ ನಡೆದರು.

ಓದಿದವನ ಅಂಗಿಯ ಜೇಬು ನಡುಗತೊಡಗಿತು. ಫೋನಿನ ಸದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು.

ಅವನು ಕ್ಯಾಬಿನ್ನಿನ ಬಾಗಿಲು ಎಳೆದುಕೊಂಡು, ಬೆನ್ನು ತಿರುಗಿಸಿ, ಬಟ್ಟೆ ಸರಿಸಿ, ಅಳಿಯನ ದನಿ ಹುಡುಕಿಕೊಂಡ. "ಹೇಳಿ ಮಾವ."

"ಬಿಡುವಾಗಿದ್ದೀರಾ? ಅದೇನು, ಅಲ್ಲೂ ಗುಡುಗುಡು ಅಂತಿದೆ?"

"ಆಫೀಸ್ ಪಕ್ಕ ಏನೋ ಕಟ್ಟಡದ ಕೆಲಸ ಮಾವ."

"ಎಲ್ಲಾ ಕಡೆ ಇದೇ ಗೋಳು. ನೋಡಿ, ಇಲ್ಲೊಬ್ಬ ಡ್ರೈವರ್ ಬಂದಿದಾನೆ, ಮಹಾ ಹಟಮಾರಿ. ಗುಂಡಿ ನಾಲ್ಕೇ ಅಡಿ ಅಂತಾನೆ. ನಾನು ಎಂಟು ಅಂತೀನಿ. ನೀವೇನಂತೀರಾ?"

ಮಾವ ನಿವೃತ್ತ ಪೋಸ್ಟ್‌ಮಾಸ್ಟರು. ಮೂವತ್ತು ವರ್ಷ ವಿಳಾಸ ಓದಿದ ಮನುಷ್ಯ. ಯಾರಿಗೆ ನೀನು, ಯಾರಿಗೆ ನೀವು ಎಂಬುದರಲ್ಲಿ ಅವರ ನಾಲಿಗೆ ಒಮ್ಮೆಯೂ ತಪ್ಪಿದ್ದಿಲ್ಲ. ಆ 'ನೀವು' ಕಿವಿಗೆ ಬಿದ್ದೊಡನೆ ಅವನೊಳಗೆ ಏನೋ ನೆಟ್ಟಗೆ ಕುಳಿತು ಕಾಲರು ಸರಿಮಾಡಿಕೊಂಡಿತು. ನಾಲ್ಕೇ ಸರಿ ಮಾವ, ಆ ಡ್ರೈವರು ನಾನೇ ಮಾವ. ಎರಡು ಸಣ್ಣ ವಾಕ್ಯ. ಕರ್ತೃ, ಕರ್ಮ, ಎಲ್ಲ ಸಿದ್ಧವಿತ್ತು.

"ನೀವು ಹೇಳಿದ ಮೇಲೆ ಮುಗೀತು ಮಾವ. ಎಂಟೇ ಇರಲಿ."

"ಹಾಗೆ ಹೇಳಿ! ಇರಿ, ಅವನಿಗೆ ಕೊಡ್ತೀನಿ. ನೀವೇ ಒಂದು ಮಾತು ಗದರಿಬಿಡಿ."

ಕತ್ತರಿಸಿದರೆ ಅನುಮಾನ. ಫೋನನ್ನು ಹಾಗೇ ತೊಡೆಯ ಕೆಳಗೆ ತುರುಕಿ, ಬಟ್ಟೆ ಎಳೆದುಕೊಳ್ಳುವಷ್ಟರಲ್ಲಿ ಮಾವ ಕ್ಯಾಬಿನ್ನಿನ ಬಾಗಿಲು ತೆಗೆದಿದ್ದರು. "ತಗೋ. ನಮ್ಮ ಅಳಿಯಂದ್ರು. ಸರಿಯಾಗಿ ಮಾತಾಡು."

ಅವನು ಮಾವನ ಫೋನು ಕಿವಿಗಿಟ್ಟುಕೊಂಡ. ಅದರೊಳಗೆ ಅವನದೇ ಎಂಜಿನ್ನು ಗುರುಗುಟ್ಟುತ್ತಿತ್ತು.

"ನಮಸ್ಕಾರ ಸಾರ್."

ಅಳಿಯ ಏನೂ ಅನ್ನಲಿಲ್ಲ.

"ಹೂಂ ಸಾರ್... ಇಲ್ಲ ಸಾರ್, ಎದುರು ಮಾತಾಡಿಲ್ಲ... ಎಂಟಾ ಸಾರ್? ... ನೀವು ಹೇಳಿದ ಹಾಗೇ ಆಗ್ಲಿ ಸಾರ್." ಒಂದು ಗಳಿಗೆ ತಡವಾಗಿ ಅದೇ ಮಾತು ತೊಡೆಯ ಕೆಳಗೆ ಗೊಣಗಿತು. ತನ್ನನ್ನು ತಾನೇ ನೀವು ಎಂದು ಕರೆದದ್ದು ಹುಟ್ಟಿದಂದಿನಿಂದ ಇದೇ ಮೊದಲು. ಅಳಿಯನೂ ಈಗ ಅವನನ್ನು ಗುರುತಿಸಲಿಲ್ಲ ಅನ್ನಿಸಿತು.

"ಏನಂದ್ರು?" ಎಂದು ಮಾವ ಕೇಳಿದರು.

"ಬೈದ್ರು ಸಾರ್."

"ಬೈಯೋರಲ್ಲವಲ್ಲ ಅವರು!" ಮಾವನಿಗೆ ಖುಷಿಯಾಗಿತ್ತು. "ತುಂಬ ಮೆದು. ನಿನ್ನ ದೆಸೆಯಿಂದ ಅವರ ಬಾಯೂ ಕೆಡ್ತು ನೋಡು."

ಎಂಟಡಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮಣ್ಣಿನ ಬಣ್ಣ ಎರಡು ಸಲ ಬದಲಾಯಿತು. ಆದರೂ ಮಾವನಿಗೆ ಸಮಾಧಾನವಿಲ್ಲ. ಕೆಳಗೆ ಸಡಿಲ ಮಣ್ಣು ಬಿದ್ದಿರುತ್ತದೆ, ಯಾರಾದರೂ ಇಳಿದು ಟೇಪಿನ ತುದಿಯನ್ನು ಗಟ್ಟಿ ನೆಲಕ್ಕೆ ಒತ್ತಿ ಹಿಡಿಯಬೇಕು. ಯಾರಾದರೂ ಎಂದರೆ ಅಲ್ಲಿದ್ದವನು ಅವನೊಬ್ಬನೇ.

ಕನ್ನಡಕವನ್ನೂ ಫೋನನ್ನೂ ಸೀಟಿನ ಮೇಲಿಟ್ಟು, ಎಂಜಿನ್ನು ನಿಲ್ಲಿಸಿ, ಗುಂಡಿಯೊಳಗೆ ಚಾಚಿದ್ದ ಯಂತ್ರದ ತೋಳನ್ನು ಹಿಡಿದುಕೊಂಡು ಇಳಿದ. ಕೆಳಗೆ ತಂಪಾಗಿತ್ತು. ಗೋಡೆಯ ಬುಡದಲ್ಲಿ ಆಗಲೇ ನೀರು ಜಿನುಗುತ್ತಿತ್ತು. ನಾನು ಹೇಳಲಿಲ್ಲವೇ ಎಂದು ಡ್ರೈವರು ಅಳಿಯನನ್ನು ಕೇಳಿದ. ಅಳಿಯ ಎಂದಿನಂತೆ ಮಾವನ ಕಡೆ ನೋಡಿದ.

ಈಗಲೇ ಹೇಳಿಬಿಡಬೇಕು. ನೀರು ಬಂದಿದೆ, ಮುಚ್ಚಿಸಬೇಕು, ಮತ್ತು ನಾನು ಇಂಥವನು. ಎರಡನ್ನೂ ಒಂದೇ ಉಸಿರಿನಲ್ಲಿ. ಬಟ್ಟೆಯ ಗಂಟಿಗೆ ಕೈ ಹಾಕಿದ. ಗಂಟು ಅರ್ಧ ಬಿಚ್ಚಿತು. ಬಾಯಿ ತೆರೆದ.

ಮೇಲೆ ಕ್ಯಾಬಿನ್ನಿನಲ್ಲಿ ಫೋನು ಹೊಡೆದುಕೊಂಡಿತು.

"ನಿನ್ನ ಫೋನು ಕಣಯ್ಯಾ," ಎಂದರು ಮಾವ ಮೇಲಿನಿಂದ.

"ಹೊಡ್ಕೊಳ್ಳಲಿ ಬಿಡಿ ಸಾರ್."

"ಎಂಟಡಿ ಆಯ್ತು ಅಂತ ಹೇಳೋಣ ಅಂದ್ರೆ ಅಳಿಯಂದ್ರೂ ಎತ್ತುತಾ ಇಲ್ಲ. ಇಲ್ಲಿ ನೀನೂ ಎತ್ತಲ್ಲ. ಇರು, ತಂದ್ಕೊಡ್ತೀನಿ. ಮನೇಲಿ ಏನು ಅರ್ಜೆಂಟೋ ಏನೋ."

"ಬೇಡ ಸಾರ್! ನಾನೇ..."

ಹೆಜ್ಜೆಗಳು ದೂರವಾದವು. ಫೋನಿನ ಗಾಜಿನ ಮೇಲೆ ಈಗ 'ಮಾವ' ಎಂಬ ಎರಡಕ್ಷರವೂ, ಅದರ ಮೇಲೆ ಹೆಂಡತಿ ಹಾಕಿಕೊಟ್ಟ ಅವರದೇ ನಗುವ ಚಿತ್ರವೂ ಇರುತ್ತವೆ. ಅವನು ತೋಳು ಹಿಡಿದು ಹತ್ತಬಹುದಿತ್ತು. ಹತ್ತಲಿಲ್ಲ. ಸದ್ದು ನಡುವೆಯೇ ನಿಂತಿತು. ಆಮೇಲೆ ಇನ್ನೊಮ್ಮೆ, ಒಂದೇ ಒಂದು ಸಲ ಹೊಡೆದು, ಪರೀಕ್ಷೆ ಮಾಡಿ ನೋಡಿದ ಹಾಗೆ, ಮತ್ತೆ ನಿಂತಿತು.

ಬಹಳ ಹೊತ್ತು ಯಾರೂ ಬರಲಿಲ್ಲ. ಬೂಟಿನೊಳಗೆ ನೀರು ಇಳಿಯಿತು.

ಕೊನೆಗೆ ಅಂಚಿನಲ್ಲಿ ಒಂದು ತಲೆ ಕಂಡಿತು. ಅದರ ಹಿಂದೆ ಬಿಸಿಲಿದ್ದುದರಿಂದ ಮುಖ ಇರಲಿಲ್ಲ, ಬರೀ ಕಪ್ಪು.

"ಇಳಿದದ್ದಾಯ್ತಾ?"

"ಆಯ್ತು."

"ಟೇಪು ಬಿಡ್ತಿದೀನಿ. ಹಿಡ್ಕೊಂಡ್ರೆ ಆಯ್ತು."

ಅವನು ಆ ವಾಕ್ಯಗಳನ್ನು ತಿರುವಿ ತಿರುವಿ ನೋಡಿದ. ನೀನು ಇರಲಿಲ್ಲ. ನೀವು ಇರಲಿಲ್ಲ. ಇಳಿದವನು ಯಾರು, ಹಿಡಿದುಕೊಳ್ಳಬೇಕಾದವನು ಯಾರು, ಎಲ್ಲೂ ಬರೆದಿರಲಿಲ್ಲ. ಗುರುತಿಸಿದ್ದರೆ ಇಷ್ಟು ನಯ ಎಲ್ಲಿಂದ? ಗುರುತಿಸದಿದ್ದರೆ ಇಷ್ಟು ಎಚ್ಚರ ಯಾಕೆ?

ಟೇಪಿನ ನಾಲಿಗೆ ಗೋಡೆಗೆ ತಾಗುತ್ತ, ತೂಗುತ್ತ, ಬಿಸಿಲಿನಿಂದ ನೆರಳಿಗೆ ಇಳಿದು ಬಂತು. ಅವನ ಕೈ ಏಳಲಿಲ್ಲ. ತಗಡಿನ ತುದಿ ನೆತ್ತಿಯ ಮೇಲೆ ಬಂದು ಕುಳಿತಿತು.

"ಎಷ್ಟಾಯ್ತಂತೆ?" ಎಂದು ಅತ್ತೆ ಎಲ್ಲೋ ಹಿಂದಿನಿಂದ ಕೇಳಿದರು.

"ಎರಡೂವರೆ."

"ಅಷ್ಟೇನಾ? ಎಂಟು ಅಂದಿರಲ್ಲ?"

ಮೇಲಿನ ತಲೆ ಸ್ವಲ್ಪ ಬಗ್ಗಿ ನೋಡಿತು.

"ಕೆಳಗೆ ಏನೋ ಅಡ್ಡ ಇದೆ," ಎಂದರು ಮಾವ. ಟೇಪನ್ನು ಒಂದು ಗೇಣು ಎತ್ತಿ, ಮತ್ತೆ ಅಲ್ಲಿಗೇ ಬಿಟ್ಟರು.