ತಟ್ಟೆಯೊಳಗಿನ ಕೆರೆ

ಬಾಸ್ ಮೀನು ಹಿಡಿಯುವವರ ಮಾತನ್ನು ನಂಬಬಾರದು ಎಂಬುದು ಪೂರ್ವ ಟೆಕ್ಸಸ್‌ನ ಈ ಪೈನ್ ಕಾಡಿನ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ತೂಕ ಹೇಳಿದರೆ ಎರಡು ಪೌಂಡ್ ಕಳೆಯಬೇಕು. ಕೆರೆಯ ಹೆಸರು ಹೇಳಿದರೆ ಅದೊಂದನ್ನು ಬಿಟ್ಟು ಬೇರೆ ಎಲ್ಲ ಕೆರೆಗೂ ಹೋಗಿ ನೋಡಬೇಕು. ಆದರೆ ವರ್ಲನ್ ಟ್ಯಾಕೆಟ್ ಮತ್ತು ರಾಯ್ಸ್ ಮೇಫೀಲ್ಡ್ ನಡುವೆ ಮೂವತ್ತೊಂದು ವರ್ಷದಿಂದ ಒಂದು ಮಾತು ನಡೆದುಕೊಂಡು ಬಂದಿತ್ತು. ಊರಿಗೆಲ್ಲ ಸುಳ್ಳು ಹೇಳಬಹುದು, ಇವರಿಬ್ಬರು ಮಾತ್ರ ಒಬ್ಬರಿಗೊಬ್ಬರು ಹೇಳಬಾರದು. ದೊಡ್ಡ ಮೀನಿರುವ ಕೆರೆ ಯಾರಿಗೆ ಸಿಕ್ಕರೂ ಅದೇ ದಿನ ಇನ್ನೊಬ್ಬನ ಕಿವಿಗೆ ಬೀಳಬೇಕು.

ಹಾಗಿರುವಾಗ ಅಕ್ಟೋಬರಿನ ಒಂದು ಬೆಳಿಗ್ಗೆ, ನಾಯಿಯ ತಿನಿಸು ಕೊಳ್ಳಲು ಹೋದ ವರ್ಲನ್ ಮುಂದೆ ಅಂಗಡಿಯವನು ತನ್ನ ಫೋನು ಹಿಡಿದ.

"ನಿಮ್ಮ ರಾಯ್ಸ್ ಭರ್ಜರಿ ಹೊಡೆದಿದಾನಲ್ಲಪ್ಪ! ಎಲ್ಲಿ ಸಿಕ್ತಂತೆ? ನಿಂಗಾದ್ರೂ ಹೇಳಿರ್ಬೇಕಲ್ಲ?"

ಫೋಟೋದಲ್ಲಿ ರಾಯ್ಸ್ ಹಲ್ಲು ಬಿಡುತ್ತ ನಿಂತಿದ್ದ. ಎರಡು ಕೈಯಲ್ಲಿ ಒಂದು ದೈತ್ಯ ಬಾಸ್. ಕೆಳಗೆ ಬರೆದಿತ್ತು: 'ಹದಿಮೂರು ಪೌಂಡ್. ತಟ್ಟೆಯೊಳಗೇ.' ಹಾಕಿ ನಾಲ್ಕು ದಿನವಾಗಿತ್ತು. ನಾಲ್ಕು ದಿನ! ವರ್ಲನ್ ನಾಯಿಯ ತಿನಿಸನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ತಟ್ಟೆ ಅಂದರೆ ಓಪಲ್‌ಳ ತಟ್ಟೆ. ಓಪಲ್ ವರ್ಲನ್‌ನ ಹೆಂಡತಿ. ಮೊದಮೊದಲು ಈ ಇಬ್ಬರು ಗಂಡಸರು ಮೀನಿನ ಹಿಂದೆ ಹೋದವರು ಮರುದಿನ ಬರುವುದೂ ಇತ್ತು. ಒಂದು ದಿನ ಅವಳು ಅಡುಗೆಮನೆಯ ಮೇಜಿನ ಮೇಲೆ ರಸ್ತೆಯ ನಕ್ಷೆ ಹರಡಿ, ಮನೆ ನಡುವೆ ಬರುವಂತೆ ಊಟದ ತಟ್ಟೆ ಬೋರಲು ಹಾಕಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಳು. "ಈ ಗೆರೆಯೊಳಗೆ ಎಲ್ಲಿ ಬೇಕಾದ್ರೂ ಹಾಳಾಗಿ ಹೋಗಿ. ಸಂಜೆ ಆರಕ್ಕೆ ಊಟದ ಹೊತ್ತಿಗೆ ಮನೇಲಿರ್ಬೇಕು. ತಡವಾದ್ರೆ ತಟ್ಟೆ ಖಾಲಿ," ಅಂದಳು. ಸುಮಾರು ಎರಡು ಗಂಟೆಯ ದಾರಿ. ಅಂದಿನಿಂದ ಅವರ ಲೋಕವೆಲ್ಲ ಆ ತಟ್ಟೆಯೊಳಗೇ.

ಅವಳು ಮೀನಿಗೆ ಬರುತ್ತಿದ್ದುದು ವರ್ಷಕ್ಕೆ ಒಂದೇ ದಿನ, ಫೆಬ್ರವರಿಯಲ್ಲಿ, ತನ್ನ ಹುಟ್ಟಿದ ದಿನ. ಇಬ್ಬರು ಗಂಡಸರೂ ಜೀವಮಾನವೆಲ್ಲ ಬೆನ್ನು ಹತ್ತಿದರೂ ಸಿಗದ ಹದಿಮೂರು ಪೌಂಡಿನ ಬಾಸ್ ಹಾಗೆ ಬಂದವಳಿಗೇ ಸಿಕ್ಕಿತು. ಅಳೆದು ತೂಗಿ ನೀರಿಗೇ ಬಿಟ್ಟಳು. ವರ್ಲನ್ ಅದೇ ಅಳತೆಗೆ ಫೈಬರಿನಲ್ಲಿ ಅಚ್ಚು ಮಾಡಿಸಿದರೆ, ಊಟ ಮಾಡುವಾಗ ಅದು ತನ್ನನ್ನೇ ನೋಡುತ್ತದೆ ಅಂತ ದೋಣಿಯ ಶೆಡ್ಡಿಗೆ ಓಡಿಸಿದಳು. ಹೋದ ನವೆಂಬರಿನಲ್ಲಿ ಓಪಲ್ ತೀರಿಕೊಂಡಳು. ಅಂದಿನಿಂದ ವರ್ಲನ್ ಶೆಡ್ಡಿನ ಬಾಗಿಲು ತೆರೆದಿರಲಿಲ್ಲ. ಆಗಸ್ಟಿನಲ್ಲಿ ರಾಯ್ಸ್ ಬಂದು, "ದೋಣಿ ಬ್ಯಾಟರಿ ಸತ್ತೇ ಹೋಗುತ್ತೆ, ಕೀ ಕೊಡು," ಅಂದಾಗ ಕುರ್ಚಿಯಿಂದ ಏಳದೆ ಕೀ ಎಸೆದಿದ್ದ.

ಮನೆಗೆ ಬಂದವನೇ ಫೋನು ಮಾಡಿದ.

"ಯಾವ ಕೆರೆ?"

"ಹೇಳೋಕಾಗಲ್ಲ ಕಣೋ."

"ಏನಂದೆ?"

"ಬೇಕಾದ್ರೆ ಹುಡುಕ್ಕೋ. ಗಾಡಿ ಇದೆ, ಕಣ್ಣಿದೆ. ಕುರ್ಚೀಲಿ ಕೂತೋರಿಗೆಲ್ಲ ಕೆರೆ ಹೇಳ್ತಾ ಕೂತ್ರೆ ಆಯ್ತು." ಫೋನು ಇಟ್ಟುಬಿಟ್ಟ.

ವರ್ಲನ್‌ಗೆ ನಿಜಕ್ಕೂ ಏನೂ ಅರ್ಥವಾಗಲಿಲ್ಲ. ಓಪಲ್‌ಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ಆಮೇಲೆ ವಾರಕ್ಕೆರಡು ಸಲ ಬಂದು ಎದುರು ಕುರ್ಚಿಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದವನು ಇವನೇನಾ? ಒಂದು ಮೀನಿಗೆ ಮಾತು ಮುರಿಯುವವನಾದರೆ ಮೂವತ್ತೊಂದು ವರ್ಷ ಮುರಿಯದೆ ಇದ್ದನೆಂದು ಹೇಗೆ ನಂಬುವುದು? ಹೆಂಡತಿ ಹೋದಳು. ಉಳಿದದ್ದು ಇದೊಂದೇ ಗೆಳೆತನ, ಅದೂ ಟೊಳ್ಳು ಅಂತಾದರೆ ತನಗೆ ಈ ಲೋಕದಲ್ಲಿ ಇದ್ದದ್ದಾದರೂ ಏನು? ಆ ಕೆರೆ ಹುಡುಕಿಯೇ ತೀರಬೇಕು, ರಾಯ್ಸ್ ದೋಣಿ ಇಳಿಸುವ ಹೊತ್ತಿಗೆ ದಡದಲ್ಲಿ ನಿಂತಿದ್ದು, ಏನೋ ಇದು ಅಂತ ಮುಖಕ್ಕೇ ಕೇಳಬೇಕು ಅಂತ ಹಟ ಹಿಡಿದ.

ಔಷಧಿ ಅಂಗಡಿಯಲ್ಲಿದ್ದ ಫೋಟೋ ಯಂತ್ರದಲ್ಲಿ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿದ. ಬಾಸ್ ಹಿಡಿಯುವವರು ಇನ್ನೊಬ್ಬನ ಫೋಟೋ ನೋಡುವ ರೀತಿಯೇ ಬೇರೆ. ಮೀನಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚುತ್ತಾರೆ. ಮೀನು ಕಟ್ಟಿಕೊಂಡು ಏನಾಗಬೇಕು? ನೋಡಬೇಕಾದ್ದು ಹಿಂದಿನ ದಡ, ಮರ, ನೀರಿನ ಬಣ್ಣ. ವರ್ಲನ್ ಕೂಡ ಹಾಗೇ ಮುಚ್ಚಿ ನೋಡಿದ. ರಾಯ್ಸ್‌ನ ತಲೆಯ ಮೇಲೆ ಲೇಕ್ ಫೋರ್ಕ್ ದಡದ ಒಂದು ಅಂಗಡಿಯ ಟೋಪಿ. ಹಿಂದೆ ಕೊಂಬೆಗೆ ಜೋತುಬಿದ್ದ ಬೂದು ಪಾಚಿ, ಮುದುಕನ ಗಡ್ಡದಂಥದ್ದು. ಅದು ಇರುವುದು ಕ್ಯಾಡೊ ಕೆರೆಯಲ್ಲಿ. ಫೋರ್ಕ್ ವಾಯವ್ಯಕ್ಕೆ, ಕ್ಯಾಡೊ ಈಶಾನ್ಯಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದ ಹಾಗಾಯಿತು.

ಮರುದಿನ ಬೆಳಿಗ್ಗೆ ಫೋರ್ಕಿಗೆ ಹೊರಟ. ದೋಣಿ ಒಯ್ಯಲಿಲ್ಲ, ಶೆಡ್ಡಿನ ಕಡೆ ಕಾಲೇ ಏಳಲಿಲ್ಲ. ಹುಳು, ಗಾಳ ಮಾರುವ ಆ ಅಂಗಡಿಯಲ್ಲಿ ಮಿಸ್ ಡಾಟಿ ಎಂಬ ಎಂಬತ್ತರ ಮುದುಕಿ ಕೂತಿದ್ದಳು. ಫೋಟೋ ನೋಡಿದ್ದೇ ಗುರುತಿಸಿದಳು.

"ಈ ಹಲ್ಲುಕಿರುಕ ತಾನೇ? ಹೋದ ತಿಂಗಳು ಬಂದಿದ್ದ. ಟೋಪಿ ತಗೊಂಡ, ಹೋದ."

"ಮೀನು ಎಲ್ಲಿ ಹಿಡಿದ ಮಿಸ್ ಡಾಟಿ?"

"ಎಲ್ಲಿ ಹಿಡೀತಾನೆ ಮಗಾ, ದೋಣೀನೇ ತಂದಿರ್ಲಿಲ್ಲ. ಗಾಳ ಕೂಡ ಇರ್ಲಿಲ್ಲ." ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು. "ಅಲ್ಲಪ್ಪಾ, ನಿನ್ನ ಹೆಬ್ಬೆಟ್ಟು ತೆಗಿ ಸ್ವಲ್ಪ. ನೋಡು ಇದರ ಹೊಟ್ಟೆ! ಮೊಟ್ಟೆ ತುಂಬಿದೆ. ಇದು ಫೆಬ್ರವರಿ ಹೊಟ್ಟೆ. ಹಿಂದಿನ ಎಲೆ ನೋಡಿದ್ರೆ ಅಕ್ಟೋಬರು. ಒಂದೇ ಫೋಟೋದಲ್ಲಿ ಎರಡು ಕಾಲ ಹೆಂಗಯ್ಯಾ?"

ಹೆಂಗೆ ಅಂತ ವರ್ಲನ್‌ಗೂ ತಿಳಿಯಲಿಲ್ಲ. ಹೊಟ್ಟೆಯೊಂದನ್ನು ನೋಡಿ ಮತ್ತೆ ಬೆರಳು ಅಲ್ಲೇ ಇಟ್ಟ. ವಾಪಸು ಬರುವಾಗ ನಾಲ್ಕಕ್ಕೇ ಗಡಿಯಾರ ನೋಡಿ, ಲಾರಿಗಳನ್ನೆಲ್ಲ ಹಿಂದೆ ಹಾಕಿ, ಆರು ಹೊಡೆಯುವ ಮುಂಚೆ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಅಡುಗೆಮನೆ ಕತ್ತಲಾಗಿತ್ತು. ಯಾರಿಗಾಗಿ ಹಾಗೆ ಓಡಿಸಿಕೊಂಡು ಬಂದೆ ಅಂತ ಸ್ಟೀರಿಂಗ್ ಹಿಡಿದುಕೊಂಡೇ ಅತ್ತ. ಆಮೇಲೆ ಡಬ್ಬದ ಬೀನ್ಸ್ ಬಿಸಿ ಮಾಡಿ ನಿಂತುಕೊಂಡೇ ತಿಂದ.

ಕ್ಯಾಡೊದಲ್ಲಿ ಅವನ ತಲೆ ಇನ್ನೂ ಕೆಟ್ಟಿತು. ಅಲ್ಲಿ ದೋಣಿ ಬಾಡಿಗೆಗೆ ಕೊಡುವವನು ಫೋಟೋ ನೋಡಿ ಬಿದ್ದು ಬಿದ್ದು ನಕ್ಕ.

"ಇವನಾ? ಇವನು ಮೀನಿನ ಮಾತೇ ಎತ್ತಲಿಲ್ಲ ಸ್ವಾಮಿ. ಗೋಣಿಚೀಲ ತಂದಿದ್ದ. ನೆಲಕ್ಕೆ ಉದುರಿದ್ದ ಪಾಚಿ ತುಂಬ್ಕೊಂಡು ಹೋದ. ಏನಕ್ಕಯ್ಯಾ ಅಂದ್ರೆ, 'ಒಬ್ಬನಿಗೆ ಔಷಧಿ' ಅಂದ."

"ಔಷಧೀನಾ? ಯಾರಿಗೆ?"

"ನಾನ್ಯಾಕೆ ಕೇಳ್ಲಿ? ಹುಚ್ಚರ ಸಾವಾಸ ನಂಗೆ ಬೇಡ."

ಎರಡು ಗಂಟೆಯ ದಾರಿಯುದ್ದಕ್ಕೂ ವರ್ಲನ್ ಲೆಕ್ಕ ಹಾಕಿದ. ಪಾಚಿ ಹಾಕಿ ಮೀನು ಹಿಡಿಯುವ ಹೊಸ ವಿದ್ಯೆಯೇನಾದರೂ ಬಂದಿದೆಯೇ? ರಾಯ್ಸ್‌ಗೇ ಏನಾದರೂ ಕಾಯಿಲೆಯೇ, ಅದನ್ನು ಮುಚ್ಚಿಡುತ್ತಿದ್ದಾನೆಯೇ? ಟೋಪಿ ಇದ್ದ ಕಡೆ ದೋಣಿ ಇಳಿಸಲಿಲ್ಲ, ಮರ ಇದ್ದ ಕಡೆ ಮೀನು ಕೇಳಲಿಲ್ಲ. ಸಿಟ್ಟಿನಲ್ಲಿ ಹೊರಟವನಿಗೆ ಈಗ ಸಿಟ್ಟೂ ಗಟ್ಟಿಯಾಗಿ ಕೈಗೆ ಸಿಗುತ್ತಿಲ್ಲ. ತಟ್ಟೆಯೊಳಗೆ ದಡದಿಂದ ಪೂರ್ತಿ ಕಾಣದ ಸಣ್ಣ ಕೆರೆಗಳು ಇನ್ನೂ ಹತ್ತಾರು ಇದ್ದವು. ದೋಣಿ ಇಲ್ಲದೆ ಆಗುವ ಕೆಲಸವಲ್ಲ ಇದು ಅಂತ ಕೊನೆಗೆ ತನಗೆ ತಾನೇ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಏಳಕ್ಕೆ ಇನ್ನೊಂದು ಕೀ ಹುಡುಕಿ ಶೆಡ್ಡಿನ ಬಾಗಿಲು ತೆಗೆದ. ಧೂಳು, ಜೇಡರ ಬಲೆ ಅಂದುಕೊಂಡು ಬಂದಿದ್ದ. ದೋಣಿ ತೊಳೆದು ಒರೆಸಿಟ್ಟಿತ್ತು. ಬ್ಯಾಟರಿಯ ಹಸಿರು ದೀಪ ಉರಿಯುತ್ತಿತ್ತು. ಗಾಳಗಳಿಗೆಲ್ಲ ಹೊಸ ದಾರ ಸುತ್ತಿತ್ತು. ಎದುರು ಗೋಡೆಯ ಮೇಲೆ ಒಂದು ಮೊಳೆ ಮಾತ್ರ ಇತ್ತು. ಅದರ ಸುತ್ತ ಬಣ್ಣ ಮಾಸದೆ ಉಳಿದ ಜಾಗ ಮೀನಿನ ಆಕಾರದಲ್ಲೇ ಇತ್ತು. ಕೆಳಗೆ ಓಪಲ್‌ಳ ಪೆನ್ಸಿಲ್ ಬರಹ: 'ಹದಿಮೂರು ಪೌಂಡ್. ನನ್ನದು, ನಿಮ್ಮದಲ್ಲ.'

ವರ್ಲನ್ ಜೇಬಿನಿಂದ ಮಡಿಸಿದ ಫೋಟೋ ತೆಗೆದು ಹೆಬ್ಬೆರಳು ಸರಿಸಿದ. ಮೊದಲ ಸಲ ಮೀನನ್ನು ಸರಿಯಾಗಿ ನೋಡಿದ. ಬಾಲದ ಮೇಲಂಚಿನಲ್ಲಿ ಒಂದು ಸಣ್ಣ ಹರುಕು. ಅಚ್ಚು ಮಾಡುವವನು ಅದನ್ನು ಸರಿಮಾಡಿ ನುಣ್ಣಗೆ ಕಳಿಸಿದಾಗ ಓಪಲ್ ಜಗಳವಾಡಿ ಆ ಹರುಕನ್ನು ಮತ್ತೆ ಮಾಡಿಸಿದ್ದಳು. ಇಷ್ಟು ದಿನ ಹೆಂಡತಿಯ ಮೀನನ್ನು ಎದೆಯ ಮೇಲಿನ ಜೇಬಿನಲ್ಲಿಟ್ಟುಕೊಂಡು, ಅದರ ಮೇಲೆ ಬೆರಳಿಟ್ಟುಕೊಂಡು ಊರೂರು ಅಲೆದಿದ್ದ. ಅವನಿಗೆ ನಗು ಬಂತು, ಜೊತೆಗೇ ದುಃಖ ಒತ್ತರಿಸಿಕೊಂಡು ಬಂತು. ಯಾವುದಕ್ಕೆ ಜಾಗ ಬಿಡಬೇಕೋ ತಿಳಿಯದೆ ದೋಣಿಯ ಅಂಚು ಹಿಡಿದುಕೊಂಡ.

ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ರಾಯ್ಸ್‌ನ ಮನೆಯ ಮುಂದೆ ನಿಲ್ಲಿಸಿ ಹಾರನ್ ಒತ್ತಿದ. ಮನೆಯ ಹಿಂದೆ ದನ ನೀರು ಕುಡಿಯುವ ಹೊಂಡ. ಅದರ ದಡದ ವಿಲ್ಲೋ ಮರದ ಎರಡು ಕೊಂಬೆಗೆ ಬೂದು ಪಾಚಿ ಇನ್ನೂ ನೇತಾಡುತ್ತಿತ್ತು. ರಾಯ್ಸ್ ಹೊರಗೆ ಬಂದ, ಕಂಕುಳಲ್ಲಿ ಟವೆಲ್ಲು ಸುತ್ತಿದ ಫೈಬರಿನ ಮೀನು.

"ಎಷ್ಟು ಕೆರೆ ಸುತ್ತಿದೆ?"

"ನಿನ್ನ ದನದ ಹೊಂಡ ಹುಡುಕೋಕೆ ನಾನೂರು ಮೈಲಿ ಓಡಿಸಿದೀಯಲ್ಲೋ, ಕತ್ತೆ ನನ್ಮಗನೇ!"

"ಅದಕ್ಕೂ ಮುಂಚೆ ನಾನೂ ಅಷ್ಟೇ ಓಡಿಸಿದೀನಿ. ಪಾಚಿ ತುಂಬಿ ಸೊಂಟ ಹಿಡ್ಕೊಂಡಿದೆ."

"ಮೂವತ್ತೊಂದು ವರ್ಷಕ್ಕೆ ಒಂದು ಸುಳ್ಳು ಹೇಳ್ಬಿಟ್ಟೆ ನಂಗೆ."

"ಸುಳ್ಳೆಲ್ಲಿ? ಹದಿಮೂರು ಪೌಂಡು, ನಿಜ. ತಟ್ಟೆಯೊಳಗೆ, ನಿಜ. ನಾನು ಹಿಡಿದೆ ಅಂತ ಎಲ್ಲಾದ್ರೂ ಬರೆದಿದೀನಾ?" ರಾಯ್ಸ್ ನೆಲ ನೋಡಿದ. "ಹನ್ನೊಂದು ತಿಂಗಳು ಎದುರಿಗೆ ಕೂತು ನೋಡ್ದೆ ಕಣೋ. ಸಮಾಧಾನಕ್ಕೆ ನೀನು ಏಳಲಿಲ್ಲ. ಸಿಟ್ಟಿಗಾದ್ರೂ ಏಳ್ತೀಯ ಅಂದ್ಕೊಂಡೆ. ಟೋಪಿ, ಪಾಚಿ ನಂಬಿ ಒಂದು ಕೆರೆ ಸುತ್ತೋದ್ರೊಳಗೆ ಮೀನಿನ ಗುರುತು ಹಿಡೀತೀಯ, ಬಂದು ಬೈತೀಯ ಅಂತ ನಂಬಿದ್ದೆ. ನೀನು ನೋಡ್ಲೇ ಇಲ್ಲವಲ್ಲೋ."

ವರ್ಲನ್ ಮೀನನ್ನು ಇಸಿದುಕೊಂಡು ಗಾಡಿಯ ಸೀಟಿನ ನಡುವೆ ಮಲಗಿಸಿದ. ರಾಯ್ಸ್ ಪಕ್ಕದಲ್ಲಿ ಹತ್ತಿ ಕೂತ.

"ಎಲ್ಲಿಗೆ?"

"ರೇಬರ್ನಿಗೆ," ಅಂದ ವರ್ಲನ್. ಓಪಲ್‌ಗೆ ಮೀನು ಸಿಕ್ಕ ಕೆರೆ ಅದು. ಅವಳು ಹೋದ ಮೇಲೆ ಅವನು ಆ ರಸ್ತೆಗೂ ತಿರುಗಿರಲಿಲ್ಲ.

ಬಾಗಿಲಲ್ಲಿ ರಾಯ್ಸ್‌ನ ಹೆಂಡತಿ ಫೇ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ವರ್ಲನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಹನ್ನೊಂದು ತಿಂಗಳಿಂದ ಯಾರನ್ನೂ ಕೇಳದಿದ್ದ ಮಾತು ಕೇಳಿದ.

"ಫೇ, ಎಷ್ಟು ಹೊತ್ತಿಗೆ ಬರ್ಬೇಕು?"

"ಆರಕ್ಕೆ," ಅಂದಳು ಫೇ. "ಮೂರು ತಟ್ಟೆ ಹಾಕಿರ್ತೀನಿ. ತಡವಾದ್ರೆ ಖಾಲಿ."