ಸೂರ ತಾಂಡೇಲರ ಜಾಗ

ಸಮುದ್ರಕ್ಕೆ ಹೋಗುವ ಗಂಡಸರು ಮನೆಯಲ್ಲಿ ಹೆಂಡತಿಗೆ ಸುಳ್ಳು ಹೇಳುತ್ತಾರೋ ಇಲ್ಲವೋ, ಅದು ಅವರವರ ಮನೆ ವಿಚಾರ. ಆದರೆ ಮೀನು ಸಿಕ್ಕಿದ ಜಾಗದ ವಿಷಯಕ್ಕೆ ಬಂದರೆ ಗಂಗೊಳ್ಳಿಯ ಒಬ್ಬ ತಾಂಡೇಲನೂ ಇನ್ನೊಬ್ಬನಿಗೆ ನಿಜ ಹೇಳಿದವನಲ್ಲ. ಬೋಟು ನಡೆಸುವವನು ತಾಂಡೇಲ. ಬಲೆ ಎಲ್ಲಿ ಬಿಡಬೇಕೆಂದು ಹೇಳುವವನೂ ಅವನೇ. ಬಡಗಿನಲ್ಲಿ ನಿಂತು ತೆಂಕು ಅನ್ನುವುದು, ಬಲೆ ತುಂಬಿ ಬಂದಾಗ 'ಎಂತದೂ ಇಲ್ಲೆ ಮಾರಾಯ' ಎಂದು ನಿಟ್ಟುಸಿರು ಬಿಡುವುದು, ಇದೆಲ್ಲ ವಯರ್‌ಲೆಸ್ಸಿನಲ್ಲಿ ದಿನಾ ನಡೆಯುವಂಥದ್ದೇ. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು. ಅವನೂ ತಿರುಗಿ ತನ್ನದೊಂದು ಸುಳ್ಳು ಹೇಳುತ್ತಾನೆ. ಯಾರಿಗೂ ಬೇಜಾರಿಲ್ಲ.

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ ನಮ್ಮ ಸೂರ ತಾಂಡೇಲರು. ಅವರ ಹತ್ತಿರ ಒಂದು ಜಾಗವಿತ್ತು. ಬೈಂದೂರಿನಿಂದ ಪಡುವಣಕ್ಕೆ, ನೀರಿನಡಿಯ ಕಲ್ಲಿನ ಸಾಲಿನ ಪಕ್ಕ ಎಲ್ಲೋ ಒಂದು ತಗ್ಗು. ಅವರಪ್ಪ ಸಾಯುವ ಮುಂಚೆ ಕಿವಿಯಲ್ಲಿ ಹೇಳಿ ಹೋದದ್ದು. ಉಳಿದವರು ಬರಿಗೈಯಲ್ಲಿ ಬರುವ ದಿನವೂ ಸೂರರ ಬೋಟಿನಲ್ಲಿ ಅಂಜಲ್ ಮೀನು ಇರುತ್ತಿತ್ತು. ಮಗಳು ನವ್ಯಾ ಚಿಕ್ಕವಳಿದ್ದಾಗ ಒಮ್ಮೆ, ಆ ಜಾಗ ಎಲ್ಲಿ ಅಪ್ಪಯ್ಯ, ಎಂದು ಕೇಳಿದ್ದಳು.

"ಹೆಣ್ ಮಕ್ಕಳಿಗ್ ಎಂತಕ್ಕೆ ಅದ್? ನೀನ್ ಬೋಟಿಗ್ ಹೋಪವಳಾ?" ಎಂದು ತಲೆಗೊಂದು ಮೊಟಕಿ ಕಳಿಸಿದ್ದರು.

ಬೋಟಿಗೇನೋ ಹೋಗಲಿಲ್ಲ ಅವಳು. ನೌಕಾಪಡೆ ಸೇರಿದಳು! ಸೇರಿದ ಮೇಲೂ ಸೂರರದ್ದು ಒಂದೇ ರಾಗ. "ಬಿಳಿ ಅಂಗಿ ಹಾಕಂಡ್ ಸಲಾಂ ಹೊಡುಕೆ ಸಮುದ್ರ ಎಂತಕ್ಕೆ ಬೇಕ್? ಅದ್ ಗದ್ದಿಯಲ್ಲೂ ಆತ್."

ಸಲಾಂ ಹೊಡೆಯುವುದೊಂದೇ ಕೆಲಸವಾಗಿದ್ದರೆ ನವ್ಯಾಳ ಅಂಗೈ ಹಾಗೆ ಒರಟಾಗುತ್ತಿರಲಿಲ್ಲ. ಅವಳಿದ್ದದ್ದು ಕರಾವಳಿ ಕಾಯುವ ಚಿಕ್ಕ ಗಸ್ತು ಹಡಗಿನಲ್ಲಿ. ಚಿಕ್ಕದೆಂದರೆ ಎಷ್ಟು ಚಿಕ್ಕದು? ಓಣಿಯಲ್ಲಿ ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿ ನಿಂತು ಇನ್ನೊಬ್ಬರಿಗೆ ದಾರಿ ಬಿಡಬೇಕು. ಗಾಳಿ ಎದ್ದ ದಿನ ಅಡುಗೆಯವನು ಸಾರಿನ ಪಾತ್ರೆಯನ್ನು ಹಗ್ಗದಲ್ಲಿ ಬಿಗಿದು, ತನ್ನ ಸೊಂಟವನ್ನೂ ಕಂಬಕ್ಕೆ ಬಿಗಿದುಕೊಂಡು ಒಗ್ಗರಣೆ ಹಾಕುತ್ತಾನೆ. ಉಪ್ಪುನೀರಿಗೆ ಕಬ್ಬಿಣ ತಿನ್ನುವುದರಲ್ಲಿ ರಜೆ ಇಲ್ಲ, ಹಾಗಾಗಿ ತುಕ್ಕು ಕೆರೆದು ಬಣ್ಣ ಬಳಿಯುವವರಿಗೂ ಇಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಕೆಲಸ. ನವ್ಯಾ ವಯರ್‌ಲೆಸ್ ಕೇಳುತ್ತಿದ್ದಳು. ಬೇರೆ ಬೋಟಿಗೆ ಹಗ್ಗ ಎಸೆಯುವ ಹೊತ್ತಿಗೆ ಹಿಂಬದಿಗೆ ಓಡುತ್ತಿದ್ದಳು. ರಾತ್ರಿ ಮಲಗಿದರೆ ಹೊರಳಲು ಜಾಗವಿಲ್ಲ. ಆದರೂ ಬೆಳಿಗ್ಗೆ ಎದ್ದು ಹಡಗಿನ ಬಾವುಟ ಏರುವುದನ್ನು ಕಂಡಾಗ ಅವಳಿಗೆ ಪ್ರತಿ ದಿನ ಎದೆ ಉಬ್ಬುತ್ತಿತ್ತು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಹಡಗು ಎಲ್ಲಿದೆ ಎನ್ನುವುದನ್ನು ಮನೆಯವರಿಗೂ ಹೇಳುವಂತಿಲ್ಲ, ನೌಕಾಪಡೆಯ ನಿಯಮ. ಹಾಗಾಗಿ ಆ ದಿನ ಮಗಳು ಕುಂದಾಪುರದ ಎದುರಿನ ನೀರಿನಲ್ಲೇ ಇದ್ದಾಳೆಂದು ಸೂರರಿಗೆ ಹೇಗೆ ಗೊತ್ತಾಗಬೇಕು?

ಮಳೆಗಾಲ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಜೋರಾಯಿತು. ಆಗ ನವ್ಯಾಳ ಕಿವಿಗೆ ಪರಿಚಿತ ಧ್ವನಿಯೊಂದು ಬಿತ್ತು.

"ಹ್ವಾಯ್, ಫ್ಯಾನಿಗ್ ಬಲೆ ಸುತ್ಕಂಡಿತ್ತ್. ಇಂಜಿನ್ ಬಂದ್. ಯಾರಾರೂ ಹತ್ರ ಇದ್ರ್ಯಾ?"

ಬೋಟನ್ನು ಮುಂದೆ ತಳ್ಳುವ ನೀರಿನಡಿಯ ಫ್ಯಾನಿಗೆ ಬಲೆ ಸುತ್ತಿದರೆ ಬೋಟಿನ ಕೈಕಾಲು ಕಟ್ಟಿ ಹಾಕಿದ ಹಾಗೆ. ಅತ್ತಲಿಂದ ತಿಮ್ಮ ಎನ್ನುವ ಇನ್ನೊಬ್ಬ ತಾಂಡೇಲನ ಧ್ವನಿ ಬಂತು.

"ಎಲ್ಲಿದ್ರಿ ಸೂರಣ್ಣ?"

"ಬ್ರಹ್ಮಾವರದ ನೇರ ಇದ್ದೆ ಮಾರಾಯ."

ಅಪಾಯದಲ್ಲಾದರೂ ಅಪ್ಪ ನಿಜ ಹೇಳಿಯಾರೆಂದುಕೊಂಡು ನವ್ಯಾ ಅದನ್ನು ಹಿಂದಿಯಲ್ಲಿ ತಿಳಿಸಿದಳು. ಹಡಗಿನ ಕ್ಯಾಪ್ಟನ್ ರಾವತ್ ತಡ ಮಾಡಲಿಲ್ಲ. ತೆಂಕು ಮುಖಕ್ಕೆ ತಿರುಗಿಸಿ ಹಡಗನ್ನು ಓಡಿಸಿದರು. ಬ್ರಹ್ಮಾವರದ ನೇರಕ್ಕೆ ಬಂದು ನೋಡಿದರೆ ಖಾಲಿ ಸಮುದ್ರ. ರಾಡಾರಿನಲ್ಲೂ ಏನಿಲ್ಲ. ಅಷ್ಟರಲ್ಲಿ ಮತ್ತೆ ಸೂರರ ಧ್ವನಿ ಬಂತು. ಲಂಗರಿನ ಹಗ್ಗ ಕಡಿದುಹೋಗಿದೆ, ಗಾಳಿ ಬೋಟನ್ನು ಕಲ್ಲಿನ ಕಡೆ ತಳ್ಳುತ್ತಿದೆ, ಬೇಗ ಬನ್ನಿ.

"ಇಷ್ಟು ಹತ್ತಿರ ಇರುವವನ ಧ್ವನಿ ಇಷ್ಟು ಸಣ್ಣಗೆ ಯಾಕೆ ಬರುತ್ತಿದೆ? ಇಲ್ಲಿ ಕಲ್ಲಾದರೂ ಎಲ್ಲಿದೆ?" ಎಂದು ರಾವತ್ ಹಿಂದಿಯಲ್ಲಿ ಕೇಳಿದರು.

ನವ್ಯಾಳ ಮುಖ ಕೆಂಡವಾಯಿತು. ಅಯ್ಯೋ ಅಪ್ಪಯ್ಯ, ಸಾಯುವ ಹೊತ್ತಿನಲ್ಲೂ ಇದೊಂದು ಚಟವೇ! ಮೊದಲ ಸಲ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು. ಈಗ ಇಡೀ ಕರಾವಳಿ ಕೇಳುತ್ತಿರುವಾಗ ಅದನ್ನು ತಿದ್ದಲು ಮರ್ಯಾದೆ ಬಿಡುತ್ತಿಲ್ಲ. ತಿದ್ದಿದರೆ ಜಾಗವೂ ಹೋಯಿತು. ಅವರ ಬೋಟಿನಲ್ಲಿ ಪಕ್ಕದ ಮನೆಯ ಮಂಜಣ್ಣನೂ ಸೇರಿ ಏಳು ಜನ ಇದ್ದರು.

"ಸರ್, ಅವರು ನನ್ನ ತಂದೆ. ಸುಳ್ಳು ಹೇಳುತ್ತಿದ್ದಾರೆ," ಎಂದಳು. ಯಾಕೆಂಬುದನ್ನೂ ಬಿಡಿಸಿ ಹೇಳಿದಳು. ತಲೆ ತಗ್ಗಿಸಿಯೇ ಹೇಳಿದಳು.

ಬೆಟ್ಟದ ಸೀಮೆಯವರಾದ ರಾವತ್ ನಗಲಿಲ್ಲ. "ನಮ್ಮೂರಲ್ಲಿ ಜೇನು ಕಟ್ಟುವ ಬಂಡೆಯನ್ನೂ ಯಾರೂ ಯಾರಿಗೂ ಹೇಳುವುದಿಲ್ಲ. ನೀನೇ ಮಾತಾಡು. ಮಗಳಾಗಿ ಮಾತಾಡುತ್ತೀಯೋ, ನೌಕಾಪಡೆಯವಳಾಗಿಯೋ, ನಿನಗೆ ಬಿಟ್ಟದ್ದು. ಬೇಗ ಆಗಬೇಕು," ಎಂದರು.

ನವ್ಯಾ ಮೊದಲು ನೌಕಾಪಡೆಯವಳಾಗಿಯೇ ಕೇಳಿದಳು. ಶುದ್ಧ ಕನ್ನಡದಲ್ಲಿ, ಗಂಭೀರವಾಗಿ, ನಿಮ್ಮ ಸ್ಥಳ ತಿಳಿಸಿ ಎಂದಳು.

"ಬ್ರಹ್ಮಾವರದ ನೇರ ಅಂದ್ನಲ್ದಾ!" ಎಂದು ಅತ್ತಲಿಂದ ರೇಗಿದ ಉತ್ತರ ಬಂತು.

ಸಾಕಾಯಿತು ಅವಳಿಗೆ. "ಅಪ್ಪಯ್ಯ, ನಾನ್ ನವ್ಯಾ. ನೀವ್ ಹೇಳಿದ್ ಜಾಗದಲ್ಲೇ ನಿಂತಿತ್ತ್ ನಮ್ ಹಡಗ್. ಇಲ್ಲ್ ಒಂದ್ ಕಾಕೆಯೂ ಇಲ್ಲೆ. ಖರೆ ಜಾಗ ಹೇಳಿ."

ಅಷ್ಟು ಹೊತ್ತು ವಯರ್‌ಲೆಸ್ಸಿನಲ್ಲಿ ಹರಟುತ್ತಿದ್ದ ಬೋಟುಗಳೆಲ್ಲ ಉಸಿರು ಬಿಗಿಹಿಡಿದು ಕುಳಿತಂತಿತ್ತು.

"ಹೆಣ್ಣೆ... ನೀನಾ?" ಸೂರರ ಧ್ವನಿ ಇಳಿದಿತ್ತು. "ಎಲ್ಲರೂ ಕೇಣ್ತಾ ಇದ್ರೇ."

"ಕೇಣ್ಲಿ."

"ಅದ್ ನನ್ ಅಪ್ಪಯ್ಯನ್ ಜಾಗ, ಮಗಾ."

"ನಿಮ್ ಅಪ್ಪಯ್ಯನ್ ಜಾಗ ಉಳೀತ್. ನನ್ ಅಪ್ಪಯ್ಯ ಉಳೀತ್ರಾ? ಮಂಜಣ್ಣನ್ ಹೆಂಡ್ತಿಗೆ ನಾಳೆ ನಾನ್ ಎಂತ ಹೇಳುದ್? ಮೀನಿನ ಜಾಗ ಗುಟ್ಟಾಗಿ ಉಳ್ದಿತ್ತ್, ನಿನ್ ಗಂಡ ಉಳೀಲಿಲ್ಲೆ ಅಂತ ಹೇಳುದಾ?" ಮಾತು ಮುಗಿಯುವಷ್ಟರಲ್ಲಿ ಅವಳ ಧ್ವನಿ ನಡುಗಿತು. ನಡುಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅತ್ತ ಬೋಟಿನಲ್ಲಿ ಮಂಜ ಏನೋ ಕೂಗಿದ್ದು ಕೇಳಿಸಿತು. ಆಮೇಲೆ ಸೂರರು ಗಂಟಲು ಸರಿ ಮಾಡಿಕೊಂಡರು.

"ಬರ್ಕೋ," ಎಂದರು.

ತನ್ನಪ್ಪ ಕಿವಿಯಲ್ಲಿ ಹೇಳಿದ್ದನ್ನು, ಆಮೇಲೆ ತಾನು ಜಿಪಿಎಸ್ಸಿನ ಅಂಕಿ ಮಾಡಿ ಬಾಯಿಪಾಠ ಇಟ್ಟುಕೊಂಡಿದ್ದನ್ನು, ಒಂದೊಂದೇ ಅಂಕಿಯಾಗಿ ಹೇಳಿದರು. ಅಲ್ಲಿಂದ ಬೋಟು ಮೂಡು ದಿಕ್ಕಿಗೆ ಎಷ್ಟು ಜಾರಿರಬಹುದು ಎಂಬುದನ್ನೂ ಹೇಳಿದರು. ನವ್ಯಾ ಬರೆದುಕೊಂಡಳು. ಬರೆದ ಮೇಲೆ, ಕಲಿಸಿದ ಪ್ರಕಾರ, ಪ್ರತಿ ಅಂಕಿಯನ್ನೂ ಬಿಡಿಸಿ ಗಟ್ಟಿಯಾಗಿ ತಿರುಗಿ ಓದಿದಳು.

"ಅದನ್ನ್ ಮತ್ತೆ ಎಂತಕ್ಕೆ ಕೂಗುದ್ ಮಾರಾಯ್ತಿ!" ಸೂರರು ಗೋಳಾಡಿದರು. "ಕೇಣದಿದ್ದವರಿಗೂ ಕೇಣ್ಲಿ ಅಂತಾ?"

"ಒಂದ್ ಅಂಕಿಯೂ ತಪ್ಪುಕಾಗ, ಅದಕ್ಕೆ. ಸರಿ ಇತ್ತಾ ಇಲ್ಯಾ ಹೇಳಿ."

"ಸರಿ ಇತ್ತ್."

ಹಡಗು ಬಡಗಿಗೆ ಹಾರಿತು. ಹಾರಿತು ಎಂದರೇ ಸರಿ. ಮುಂಬದಿ ತೆರೆಯ ಮೇಲೆದ್ದು ದಬ್ಬನೆ ಬೀಳುವಾಗ ಒಳಗಿದ್ದವರ ಹಲ್ಲುಗಳು ಕಟಕಟ ಅನ್ನುತ್ತಿದ್ದವು. ಇಂಜಿನ್ ಕೋಣೆಯವರು ಮೈಯೆಲ್ಲ ಎಣ್ಣೆ ಮಾಡಿಕೊಂಡು, ಇನ್ನಷ್ಟು ವೇಗ ಬೇಕೆಂದಾಗ ಇನ್ನಷ್ಟು ಕೊಟ್ಟರು. ಬೈಂದೂರಿನ ನೇರಕ್ಕೆ ಬರುವಾಗ ಬೋಟು ಕಂಡಿತು. ಅದರ ಬೆನ್ನ ಹಿಂದೆಯೇ ಕಲ್ಲಿನ ಮೇಲೆ ತೆರೆ ಒಡೆದು ಬೆಳ್ಳಗೆ ಕಾಣುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಹಲಗೆ ಹೆಕ್ಕಬೇಕಿತ್ತು, ಅಷ್ಟೆ.

ರಾವತ್ ಹಡಗನ್ನು ಕಲ್ಲಿಗೂ ಹೆದರದೆ, ಬೋಟಿಗೂ ತಾಗಿಸದೆ, ಸರಿಯಾದಲ್ಲಿ ತಂದು ನಿಲ್ಲಿಸಿದರು. ನವ್ಯಾ ಜೀವರಕ್ಷಕ ಅಂಗಿ, ಹೆಲ್ಮೆಟ್ ಹಾಕಿಕೊಂಡು ಹಿಂಬದಿಗೆ ಓಡಿದಳು. ಮೊದಲ ಸಲ ಎಸೆದ ಹಗ್ಗ ಗಾಳಿಗೆ ಸಿಕ್ಕಿ ನೀರಿಗೆ ಬಿತ್ತು. ಎಳೆದುಕೊಂಡಳು. ನೀರು ಮೊಣಕಾಲಿನ ತನಕ ಹೊಡೆದು ಹೋಯಿತು, ಅವಳು ಜಗ್ಗಲಿಲ್ಲ. ಎರಡನೆಯ ಸಲ ಮೈಯೆಲ್ಲ ತಿರುಗಿಸಿ ಎಸೆದದ್ದು ಸೂರರ ಹೆಗಲ ಮೇಲೇ ಹೋಗಿ ಬಿತ್ತು. ಅವರು ಹಗ್ಗ ಹಿಡಿದುಕೊಂಡರು, ಆದರೆ ಕಟ್ಟುವುದನ್ನು ಮರೆತು ಮಗಳನ್ನೇ ನೋಡುತ್ತ ನಿಂತುಬಿಟ್ಟರು.

"ಅಪ್ಪಯ್ಯ! ಕಾಂಬುದ್ ಆಮೇಲೆ, ಮೊದ್ಲ್ ಕಟ್ಟಿ!" ಎಂದು ಅವಳು ಕಿರುಚಿದಳು.

"ಕಟ್ತೆ, ಕಟ್ತೆ!" ಎಂದರು. ಊರಿಗೆಲ್ಲ ಜೋರು ಮಾಡುವ ಸೂರ ತಾಂಡೇಲರು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಗಂಟು ಹಾಕಿದರು. ಗಂಟು ಮಾತ್ರ ಏನು ಗಂಟು ಅಂತೀರಿ! ಸಮುದ್ರವೇ ಎಳೆದರೂ ಬಿಚ್ಚದಂಥದ್ದು.

ಹಗ್ಗ ಬಿಗಿಯಿತು, ಬೋಟು ಕಲ್ಲಿನಿಂದ ಈಚೆ ಬಂತು. ಏಳು ಜನರೂ ಒಟ್ಟಿಗೆ ಕೈ ಮುಗಿದರು. ನವ್ಯಾಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಮತ್ತೆ ವಯರ್‌ಲೆಸ್ ಮುಂದೆ ಹೋಗಿ ಕುಳಿತಳು. ಕುಂಟುತ್ತ ಕುಂಟುತ್ತ, ಹೊಳೆ ಸಮುದ್ರ ಸೇರುವ ಗಂಗೊಳ್ಳಿಯ ಅಳಿವೆಯ ಕಡೆ ಹೊರಟಿತು ಈ ಮೆರವಣಿಗೆ.

ಜೀವ ಉಳಿಯಿತೆಂದು ತಿಳಿದದ್ದೇ ತಡ, ವಯರ್‌ಲೆಸ್ಸಿನಲ್ಲಿ ಬೋಟುಗಳ ಬಾಯಿ ಬಿಚ್ಚಿತು. ಅಷ್ಟು ಹೊತ್ತು ಹೇಗೆ ತಡೆದುಕೊಂಡಿದ್ದರೋ!

"ಸೂರಣ್ಣ, ಅಂಕಿ ಎಲ್ಲ ಬರ್ಕಂಡಾಯ್ತ್ ಹ್ವಾಯ್! ನಿಮ್ ಮಗ್ಳ್ ಲಾಯ್ಕ್ ಬಿಡ್ಸಿ ಹೇಳ್ದಳ್!" ಯಾರೋ ಒಬ್ಬ ಕಿಸಕ್ಕೆಂದ.

"ನಾಳೆ ಬೆಳಿಗ್ಗೆ ಅಲ್ಲೇ ಸಿಕ್ಕುವ," ಎಂದ ಇನ್ನೊಬ್ಬ.

ಅಪ್ಪನ ಎದೆಯೊಳಗೆ ಈಗ ಏನಾಗುತ್ತಿರಬಹುದೆಂದು ನೆನೆದು ನವ್ಯಾ ಅಂಕಿ ಬರೆದ ಹಾಳೆಯನ್ನು ಮಗುಚಿ ಇಟ್ಟಳು. ಒಂದು ಮನೆತನದ ಗುಟ್ಟು ಅವಳಿಂದಾಗಿ ಬೀದಿಗೆ ಬಿದ್ದಿತ್ತು. ಅವರು ಇನ್ನು ತನ್ನ ಹತ್ತಿರ ಮಾತಾಡುತ್ತಾರೋ ಇಲ್ಲವೋ.

ತಿಮ್ಮನ ಧ್ವನಿ ಬಂತು. ಅವನು ತಮಾಷೆ ಮಾಡಲಿಲ್ಲ. "ಸೂರಣ್ಣ, ನಾನೂ ಹುಡ್ಕಂಡ್ ಬತ್ತಾ ಇದ್ದೆ. ಈಗ ಎಲ್ಲಿದ್ರಿ?"

ಉತ್ತರವಾಗಿ ಬಂದ ಸೂರರ ಧ್ವನಿ ಇಡೀ ಕರಾವಳಿಗೆ ಕೇಳುವಷ್ಟು ಗಟ್ಟಿಯಾಗಿತ್ತು.

"ನನ್ ಮಗ್ಳ್ ಹಡಗಿನ್ ಹಿಂದ್ ಇದ್ದೆ ಕಾಣ್! ನನ್ ಮಗ್ಳೇ ಎಳ್ಕಂಡ್ ಹೋತಾ ಇತ್ತ್. ಕಾಂಬ್ಕೆ ಇದ್ದವ್ರೆಲ್ಲ ಅಳ್ವಿ ಬಾಗ್ಲಿಗ್ ಬನ್ನಿ!"

ನವ್ಯಾಗೆ ಕಣ್ಣು ಮಂಜಾಯಿತು. ಭಾಷೆ ಬಾರದ ರಾವತ್ ಅವಳ ಮುಖ ನೋಡಿ ಕೇಳಿದರು, "ಏನಂದರು ನಿನ್ನ ತಂದೆ?"

"ಎಲ್ಲಿದ್ದೇವೆ ಅಂತ ಹೇಳಿದರು ಸರ್," ಎಂದಳು ನವ್ಯಾ. "ಈ ಸಲ ನಿಜ ಹೇಳಿದರು."